ಪಾಠ ಹೇಳಲು ಹೊರಟ ಯುವಜನರಿಗೆ



ಮೇ 10 ಮೊಲೊಕಾಯಿಯ ಸಂತ ದಾಮಿಯಾನರ ಸ್ಮರಣೆಯ ದಿನ. ದೋರ್ನಹಳ್ಳಿಯಲ್ಲಿ ಜೂನ್ 13ರಂದು ಸಂತ ಅಂತೋಣಿಯವರ ಹಬ್ಬಕ್ಕೆ ಸೇರುವ ಜನಸಾಗರವನ್ನು ಕಂಡ ನಮಗೆ ಈ ಸಂತರ ಹೆಸರು ಅಷ್ಟು ಪರಿಚಿತವಲ್ಲ. ಆದರೆ ಬೇಸಿಗೆ ರಜೆಯಲ್ಲಿ ಬರುವ ಈ ಹಬ್ಬದ ಹೊತ್ತಿಗೇ ಕಾಲೇಜು ಓದುವ ನಮ್ಮ ಮಕ್ಕಳು, "ಫಾದರ್, ಎಲ್ಲಾದರೂ ಹೋಗಿ ಒಂದು ತಿಂಗಳು ಮಕ್ಕಳಿಗೆ ಪಾಠ ಹೇಳಿಕೊಡಬೇಕು ಅಂತ ಆಸೆ. ಎಲ್ಲಿಗೆ ಹೋಗೋಣ?" ಎಂದು ಕೇಳುತ್ತಾರೆ. ಒಳ್ಳೆಯ ಆಸೆ. ಹಾಗೆ ಹೋಗುವುದೆಂದರೆ ಏನು, ಅದರಲ್ಲಿ ಯಾರಿಗೆ ಏನು ಸಿಗುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡೋಣ.

ದಾಮಿಯಾನರು 1840ರಲ್ಲಿ ಬೆಲ್ಜಿಯಂ ದೇಶದಲ್ಲಿ ಹುಟ್ಟಿದವರು. 1864ರಲ್ಲಿ ಪೆಸಿಫಿಕ್ ಮಹಾಸಾಗರದ ಹವಾಯಿ ದ್ವೀಪಗಳಿಗೆ ಬಂದು ಹೊನೊಲುಲುವಿನಲ್ಲಿ ಗುರುಪಟ್ಟ ಪಡೆದರು. 1873ರ ಮೇ 10ರಂದು ಕುಷ್ಠರೋಗಿಗಳನ್ನು ದೂರ ಇಡುತ್ತಿದ್ದ ಮೊಲೊಕಾಯಿ ದ್ವೀಪಕ್ಕೆ ಕಾಲಿಟ್ಟರು. ಅವರು ಮನೆ ಕಟ್ಟಿದರು, ಶವಪೆಟ್ಟಿಗೆ ಮಾಡಿದರು, ಗಾಯ ತೊಳೆದರು. ಇದೆಲ್ಲ ಗೊತ್ತಿರುವುದೇ. ನಾನು ಹೇಳಹೊರಟದ್ದು ಇನ್ನೊಂದು ಸಂಗತಿ. ಅವರು ಜನರ ಹವಾಯಿ ಭಾಷೆಯನ್ನು ಕಲಿತರು. ಕೆಸುವಿನ ಗೆಡ್ಡೆಯನ್ನು ಬೇಯಿಸಿ ಅರೆದು ಮಾಡುವ 'ಪೋಯಿ' ಎಂಬ ಅಂಬಲಿಯಂಥ ಆಹಾರವನ್ನು ರೋಗಿಗಳು ತಿನ್ನುತ್ತಿದ್ದ ಬಟ್ಟಲಿನಿಂದಲೇ ಬೆರಳಲ್ಲಿ ತೆಗೆದು ತಿಂದರು. ಪ್ರಸಂಗದಲ್ಲಿ 'ನೀವು' ಎನ್ನುವುದನ್ನು ಬಿಟ್ಟು 'ನಾವು ಕುಷ್ಠರೋಗಿಗಳು' ಎಂದರು. ಆ ರೋಗದಿಂದಲೇ 1889ರ ಏಪ್ರಿಲ್ 15ರಂದು ಮರಣ ಹೊಂದಿದರು. 2009ರಲ್ಲಿ ಪೋಪ್ 16ನೇ ಬೆನೆಡಿಕ್ಟರು ಅವರನ್ನು ಸಂತರೆಂದು ಸಾರಿದರು.

ಆ ಸಾಗರದ ದ್ವೀಪಗಳಿಗೆ ಮುಂದೆಯೂ ಪಾಠ ಹೇಳುವವರು ಹೋಗುತ್ತಲೇ ಬಂದರು. ಮೈಕ್ರೊನೇಷ್ಯದ ಚೂಕ್‌ನಲ್ಲಿ ಯೇಸುಸಭೆಯವರು 1952ರಲ್ಲಿ ತೆರೆದ ಝೇವಿಯರ್ ಪ್ರೌಢಶಾಲೆಯಲ್ಲಿ ಅಮೆರಿಕದ ಯುವ ಸ್ವಯಂಸೇವಕರು ಕಲಿಸಿದ್ದಾರೆ. ಅಂಥವರು ಸಾಮಾನ್ಯವಾಗಿ ಎರಡು ವರ್ಷದ ಒಪ್ಪಂದದ ಮೇಲೆ ಹೋಗುತ್ತಿದ್ದರು. ಎರಡು ವರ್ಷ ಎಂಬುದನ್ನು ನಮ್ಮ ಯುವಜನರು ಗಮನಿಸಬೇಕು. ಮೊದಲ ಆರು ತಿಂಗಳು ಮಾತು ಕೇಳಿಸಿಕೊಳ್ಳುವುದರಲ್ಲೇ ಕಳೆಯುತ್ತದೆ!

ಅಷ್ಟು ದೂರ ನಾವೇಕೆ ಹೋಗಬೇಕು? ಕೆ.ಆರ್. ನಗರದ ಭತ್ತದ ಗದ್ದೆಗಳ ನಡುವೆ ಬೆಳೆದ ಹುಡುಗನಿಗೆ ಎರಡು ಗಂಟೆ ಬಸ್ಸಿನ ದಾರಿಯಲ್ಲೇ ಬೇರೆ ಭಾಷೆ, ಬೇರೆ ಊಟ, ಬೇರೆ ಹಬ್ಬದ ಊರುಗಳಿವೆ. ಅಂಥ ಒಂದು ಊರು ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆ. 1959ರಲ್ಲಿ ಟಿಬೆಟ್ ತೊರೆದು ಬಂದವರಿಗೆ ಆಗಿನ ಮೈಸೂರು ರಾಜ್ಯ ಕೊಟ್ಟ ಸುಮಾರು 3,000 ಎಕರೆ ಕಾಡುನೆಲದಲ್ಲಿ 1960ರ ಕೊನೆಯಿಂದ ಮೊದಲ ನೆಲೆ ಎದ್ದಿತು. ಹಿಮದ ನಾಡಿನವರು ಕಾಡು ಕಡಿದು, ಆನೆಯ ಕಾಟ ಸಹಿಸಿ, ಮುಸುಕಿನ ಜೋಳ ಬೆಳೆದರು. 1969ರಲ್ಲಿ ಎರಡನೆಯ ನೆಲೆಯೂ, ಮುಂದೆ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ಇನ್ನೊಂದೂ ಆದವು. ನಮ್ಮವರು ಭಾನುವಾರ ಕಾರು ಮಾಡಿಕೊಂಡು ಹೋಗಿ ನೋಡುವ 'ಗೋಲ್ಡನ್ ಟೆಂಪಲ್' ಇರುವುದು ಪೆನೋರ್ ರಿನ್‌ಪೋಚೆಯವರು 1963ರಲ್ಲಿ ಕಟ್ಟಿಸತೊಡಗಿದ ನಾಮ್ದ್ರೋಲಿಂಗ್ ಮಠದಲ್ಲಿ. ಆ ದೊಡ್ಡ ದೇಗುಲ ತೆರೆದದ್ದು 1999ರಲ್ಲಿ. ಫೋಟೋ ತೆಗೆದು, ಮೊಮೊ ತಿಂದು ಬಂದವರು ಬೈಲುಕುಪ್ಪೆ ನೋಡಿದೆವು ಎನ್ನುತ್ತಾರೆ.

ಇಲ್ಲಿನ ಮಠಗಳಲ್ಲಿ ಇಂಗ್ಲಿಷ್ ಕಲಿಸಲು ಹೊರದೇಶಗಳಿಂದ ಯುವಜನರು ಬರುವುದುಂಟು. ವಿದೇಶಿಯರು ರಾತ್ರಿ ತಂಗಬೇಕಾದರೆ ಕೇಂದ್ರ ಗೃಹ ಇಲಾಖೆಯ ವಿಶೇಷ ಪರವಾನಗಿ ಬೇಕು, ಅದಕ್ಕೆ ತಿಂಗಳುಗಟ್ಟಲೆ ಕಾಯಬೇಕು. ಹಾಗೆ ಬಂದವರು ಮೊದಲು ಬೆರಗಾಗುವುದು ಮಠದ ಕಲಿಕೆಯ ರೀತಿಗೆ. ಅಲ್ಲಿ ಮರಿ ಸನ್ಯಾಸಿಗಳು ಗ್ರಂಥವನ್ನು ಗಟ್ಟಿಯಾಗಿ ಬಾಯಿಪಾಠ ಮಾಡುತ್ತಾರೆ. ದೊಡ್ಡವರು ಅಂಗಳದಲ್ಲಿ ವಾದ ಮಾಡುತ್ತಾರೆ. ಒಬ್ಬರು ಕುಳಿತಿರುತ್ತಾರೆ, ಇನ್ನೊಬ್ಬರು ನಿಂತು, ಕಾಲು ಅಪ್ಪಳಿಸಿ, ಅಂಗೈ ತಟ್ಟಿ ಪ್ರಶ್ನೆ ಎಸೆಯುತ್ತಾರೆ. ನೋಡುವವರಿಗೆ ಜಗಳವೇನೋ ಎನಿಸಬೇಕು. ಗುರುಮಠದಲ್ಲಿ ನಾವು ತತ್ವಶಾಸ್ತ್ರ ಓದುವಾಗ ಇಷ್ಟು ಚಪ್ಪಾಳೆ ಇದ್ದಿದ್ದರೆ ಮಧ್ಯಾಹ್ನದ ತರಗತಿಯಲ್ಲಿ ಯಾರೂ ತೂಕಡಿಸುತ್ತಿರಲಿಲ್ಲ.

ಇದೇ ಮಠದ ಇತಿಹಾಸದಲ್ಲಿ ನಮ್ಮ ಧರ್ಮಸಭೆಯ ಒಬ್ಬ ಗುರುವಿನ ಹೆಜ್ಜೆಯೂ ಇದೆ. ಬೈಲುಕುಪ್ಪೆಯ ಸೆರಾ ಮಠದ ಮೂಲ ಲ್ಹಾಸಾದಲ್ಲಿ 1419ರಲ್ಲಿ ಸ್ಥಾಪನೆಯಾದ ಸೆರಾ ವಿದ್ಯಾಪೀಠ. ಅಲ್ಲಿಂದ ಹೊರಟು ಬಂದ ಸನ್ಯಾಸಿಗಳು 1970ರ ದಶಕದ ಆರಂಭದಲ್ಲಿ ಅದನ್ನು ಇಲ್ಲಿ ಮತ್ತೆ ಕಟ್ಟಿದರು. ಆ ಮೂಲ ಸೆರಾಗೆ 1717ರಲ್ಲಿ ಇಪ್ಪೊಲಿತೊ ದೆಸಿದೇರಿ ಎಂಬ ಇಟಲಿಯ ಯೇಸುಸಭೆಯ ಗುರು ಹೋಗಿ ವಿದ್ಯಾರ್ಥಿಯಾಗಿ ಕುಳಿತರು. ಅವರು ಹೋದದ್ದು ಶುಭಸಂದೇಶ ಸಾರುವುದಕ್ಕೆ, ಅದರಲ್ಲಿ ಮುಚ್ಚುಮರೆಯಿಲ್ಲ. ಆದರೆ ಸಾರುವ ಮೊದಲು ಅವರ ಭಾಷೆ, ಅವರ ಗ್ರಂಥ, ಅವರ ವಾದದ ಕ್ರಮ ಕಲಿಯಬೇಕೆಂದು ಸನ್ಯಾಸಿಗಳ ನಡುವೆ ಬಾಳಿದರು. ತಮ್ಮ ಕೋಣೆಯಲ್ಲಿ ಪ್ರಾರ್ಥನಾಲಯ ಇಟ್ಟುಕೊಳ್ಳಲು ಬೌದ್ಧ ಮಠದವರು ಅವರಿಗೆ ಅನುಮತಿ ಕೊಟ್ಟರು. ಆ ಔದಾರ್ಯವನ್ನು ನಾವು ಮರೆಯಬಾರದು. ಮುಂದೆ ದಾಳಿಯ ಕಾಲದಲ್ಲಿ ಲ್ಹಾಸಾ ಬಿಟ್ಟು ದೂರ ಹೋಗಿ ಅವರು ಟಿಬೆಟನ್ ಭಾಷೆಯಲ್ಲೇ ಗ್ರಂಥಗಳನ್ನು ಬರೆದರು. ಆದರೆ ಟಿಬೆಟ್ಟಿನ ಪ್ರೇಷಿತ ಕಾರ್ಯ ಕಪುಚಿನ್ ಸಭೆಗೆ ಸೇರಿದ್ದೆಂದು ರೋಮ್ ತೀರ್ಮಾನಿಸಿದ್ದರಿಂದ 1721ರಲ್ಲಿ ಹಿಂದಿರುಗಬೇಕಾಯಿತು. ಟಿಬೆಟ್ ಬಗ್ಗೆ ಅವರು ಬರೆದ ದೊಡ್ಡ ವೃತ್ತಾಂತ ನೂರೈವತ್ತು ವರ್ಷಕ್ಕೂ ಮಿಕ್ಕಿ ಅಚ್ಚಾಗದೆ ಉಳಿಯಿತು.

ಮುನ್ನೂರು ವರ್ಷಗಳ ನಂತರ ಅದೇ ಸೆರಾಗೆ ಇನ್ನೊಂದು ರೀತಿಯ ಮೇಷ್ಟರು ಬಂದರು. ದಲಾಯಿ ಲಾಮಾರವರ ಬಯಕೆಯಂತೆ ಅಮೆರಿಕದ ಎಮೊರಿ ವಿಶ್ವವಿದ್ಯಾಲಯ ಸನ್ಯಾಸಿಗಳಿಗೆ ವಿಜ್ಞಾನದ ಪಾಠ ರೂಪಿಸಿತು. 2014ರಿಂದ ಅದರ ಪ್ರಾಧ್ಯಾಪಕರು ಬೇಸಿಗೆಯಲ್ಲಿ ಬೈಲುಕುಪ್ಪೆಗೂ ಮುಂಡಗೋಡಿನ ಮಠಗಳಿಗೂ ಬಂದು ಕಲಿಸಿದರು. ಇಂಗ್ಲಿಷಿನಲ್ಲಿ ಕಲಿಯಿರಿ ಎಂದು ಅವರು ಹೇಳಲಿಲ್ಲ. ಅನುವಾದಕರು ಜೊತೆಗೆ ನಿಂತರು, ವಿಜ್ಞಾನದ ಮಾತುಗಳಿಗೆ ಟಿಬೆಟನ್ ಪದಗಳನ್ನು ಹೊಸದಾಗಿ ಕಟ್ಟಿದರು. ಕಲಿಯುವವನ ಭಾಷೆ ದೊಡ್ಡದಾಗುವಂತೆ ಕಲಿಸುವುದೆಂದರೆ ಇದು.

ಈಗ ಹಾಡಿಗಳ ಕಡೆ ಬರೋಣ. ಎಚ್.ಡಿ. ಕೋಟೆ, ಹುಣಸೂರು, ಪಿರಿಯಾಪಟ್ಟಣದ ಕಾಡಂಚಿನಲ್ಲಿ ಜೇನುಕುರುಬರು, ಬೆಟ್ಟಕುರುಬರು, ಯರವರು, ಸೋಲಿಗರು ಇದ್ದಾರೆ. ನಾಗರಹೊಳೆಯ ಒಳಗಿನ ಹಾಡಿಗಳಿಂದ ಹೊರಬಂದವರಿಗೆ ಹುಣಸೂರು ತಾಲ್ಲೂಕಿನ ನಾಗಾಪುರದಲ್ಲಿ ಪುನರ್ವಸತಿ ಕಲ್ಪಿಸಿದ್ದನ್ನು ನೀವು ಬಲ್ಲಿರಿ. ಮನೆಯಲ್ಲಿ ಜೇನುಕುರುಬರ ನುಡಿ ಕೇಳಿ ಬೆಳೆದ ಮಗು ಒಂದನೇ ತರಗತಿಗೆ ಬಂದಾಗ ಪುಸ್ತಕದ ಕನ್ನಡ ಅದಕ್ಕೆ ಅರೆಪರಭಾಷೆ. ಮಗು ಸುಮ್ಮನೆ ಕುಳಿತರೆ 'ದಡ್ಡ' ಎಂಬ ಹೆಸರು ಬೀಳುತ್ತದೆ. ಸುಗ್ಗಿಯಲ್ಲಿ, ಅಂದರೆ ಡಿಸೆಂಬರಿನಿಂದ ಫೆಬ್ರವರಿವರೆಗೆ, ಅಪ್ಪ ಅಮ್ಮ ಕೊಡಗಿನ ಕಾಫಿ ತೋಟಕ್ಕೆ ಹಣ್ಣು ಬಿಡಿಸಲು ಜೀಪು ಹತ್ತಿದಾಗ ಮಗುವೂ ಹತ್ತುತ್ತದೆ. ತಿರುಗಿ ಬಂದಾಗ ತರಗತಿ ಮುಂದೆ ಹೋಗಿರುತ್ತದೆ. ಆಮೇಲೆ ಬರುವುದೇ ಇಲ್ಲ. ಶಾಲೆ ಬಿಡುವುದು ಹೀಗೆ.

ಇದಕ್ಕೆ ಒಂದು ಉತ್ತರ ಎಚ್.ಡಿ. ಕೋಟೆಯಲ್ಲೇ ಹುಟ್ಟಿತು ಎಂಬುದು ನಮ್ಮ ಹೆಮ್ಮೆ. 1995ರ ಸುಮಾರಿಗೆ ಈ ತಾಲ್ಲೂಕಿನ ಸರ್ಕಾರಿ ಶಾಲೆಯ ಮೇಷ್ಟರುಗಳು ಆಂಧ್ರದ ರಿಷಿವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದು, ಯುನಿಸೆಫ್ ನೆರವಿನಿಂದ 'ನಲಿ-ಕಲಿ' ಆರಂಭಿಸಿದರು. ಅದರಲ್ಲಿ ಕಾರ್ಡು, ಹಾಡು, ಆಟಗಳ ಮೂಲಕ ಕಲಿಕೆ. ಮಕ್ಕಳು ತಟ್ಟೆಗಳೆಂಬ ಗುಂಪುಗಳಲ್ಲಿ ಕೂರುತ್ತಾರೆ. ಪ್ರತಿ ಮಗುವೂ ಕಲಿಕಾ ಏಣಿಯಲ್ಲಿ ತನ್ನದೇ ವೇಗದಲ್ಲಿ ಹತ್ತುತ್ತದೆ. ಕಾಫಿ ತೋಟದಿಂದ ಎರಡು ತಿಂಗಳ ಮೇಲೆ ಬಂದ ಮಗು ತಾನು ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಶುರುಮಾಡಬಹುದು. 2009ರಿಂದ ಇದು ರಾಜ್ಯದ ಎಲ್ಲ ಸರ್ಕಾರಿ ಶಾಲೆಗಳ ಕೆಳತರಗತಿಗಳಿಗೆ ಹಬ್ಬಿತು. ಪಾಠ ಹೇಳಲು ಹೋಗುವವರು ಮೊದಲು ಇಂಥ ಒಂದು ಕೋಣೆಯ ಮೂಲೆಯಲ್ಲಿ ವಾರವಿಡೀ ಬಾಯಿ ಮುಚ್ಚಿ ಕುಳಿತು ನೋಡಬೇಕು. ಹಾಗೆಯೇ ಡಾ. ಆರ್. ಬಾಲಸುಬ್ರಹ್ಮಣ್ಯಂ ಅವರು ವೈದ್ಯ ವಿದ್ಯಾರ್ಥಿಯಾಗಿದ್ದಾಗ ಗೆಳೆಯರೊಡನೆ 1984ರಲ್ಲಿ ಸ್ಥಾಪಿಸಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಹೊಸಹಳ್ಳಿಯಲ್ಲಿ ಹಾಡಿಯ ಮಕ್ಕಳಿಗಾಗಿ ನಡೆಸುತ್ತಾ ಬಂದ ಶಾಲೆಯನ್ನೂ ನೋಡಬೇಕು. ಒಳ್ಳೆಯದು ಯಾರು ಮಾಡಿದರೂ ಹೋಗಿ ಕಲಿಯುವುದರಲ್ಲಿ ನಮಗೆ ಸಂಕೋಚ ಬೇಡ.

ಹಾಡಿಯ ಹಬ್ಬಗಳ ಮಾತು. ಕೊಡಗಿನ ದೇವರಪುರದಲ್ಲಿ ಮೇ ತಿಂಗಳಲ್ಲಿ ನಡೆಯುವ ಕುಂಡೆ ಹಬ್ಬದಲ್ಲಿ ಜೇನುಕುರುಬರು, ಯರವರು ವೇಷ ಹಾಕಿ, ಸೋರೆಬುರುಡೆ ಡಬ್ಬ ಬಡಿಯುತ್ತಾ ದೇವರನ್ನೇ ಬೈಯುತ್ತಾರೆ. ಬೈಗುಳವೋ, ಇಲ್ಲಿ ಅಚ್ಚು ಮಾಡುವಂಥದ್ದಲ್ಲ! ನಮ್ಮ ಕೆಲವರು ಇದನ್ನು ಕೇಳಿ ಮೂಗು ಮುರಿಯುತ್ತಾರೆ. ಆದರೆ ಕೀರ್ತನೆಗಳ ಪುಸ್ತಕವನ್ನು ತೆರೆದು ನೋಡಿ, ದೇವರ ಮೇಲೆ ದೂರು ಹೊತ್ತು ತರುವ ಕೀರ್ತನೆಗಳು ಎಷ್ಟಿವೆ! ಅರ್ಥವಾಗದ ಹಬ್ಬವನ್ನು ತಮಾಷೆ ಎಂದು ಮೊಬೈಲಿನಲ್ಲಿ ಹಿಡಿದು ಎಲ್ಲರಿಗೂ ಕಳಿಸುವುದಕ್ಕಿಂತ, ಪಕ್ಕದ ಅಜ್ಜಿಯನ್ನು ಇದೇನೆಂದು ಕೇಳಿದರೆ ಗಂಟೆಗಟ್ಟಲೆ ಕಥೆ ಸಿಗುತ್ತದೆ. ಊಟದ ವಿಷಯದಲ್ಲೂ ಅಷ್ಟೇ. ಪ್ರಭು ಯೇಸು ಎಪ್ಪತ್ತೆರಡು ಮಂದಿಯನ್ನು ಕಳಿಸುವಾಗ, ಹೋದ ಮನೆಯಲ್ಲಿ ಬಡಿಸಿದ್ದನ್ನು ಉಣ್ಣಬೇಕೆಂದು ಹೇಳಿದ್ದನ್ನು ಸಂತ ಲೂಕರು ಹತ್ತನೇ ಅಧ್ಯಾಯದಲ್ಲಿ ಬರೆದಿದ್ದಾರೆ. ಕಳಲೆ ಸಾರು, ರಾಗಿಮುದ್ದೆ ಮುಂದಿಟ್ಟಾಗ ಬ್ಯಾಗಿನಿಂದ ಬಿಸ್ಕತ್ತು ತೆಗೆಯಬೇಡಿ.

ಇನ್ನು ಕೆಲಸದ ಮಾತು. ಮೇ ತಿಂಗಳಲ್ಲಿ ಶಾಲೆಗಳಿಗೆ ರಜೆ, ಹಾಡಿಯ ಎಷ್ಟೋ ಗಂಡಸರು ಆಗ ಹೆಜ್ಜೇನಿನ ಹಿಂದೆ ಹೋಗಿರುತ್ತಾರೆ. ಒಂದು ತಿಂಗಳ ಆಸೆಯಿಟ್ಟುಕೊಂಡು ಬರುವವರಿಗೆ ನಾನು ಹೇಳುವುದು, ಮೇ ಬಿಡಿ, ಜೂನಿನಿಂದ ಮಾರ್ಚಿಯವರೆಗೆ ಪ್ರತಿ ಶನಿವಾರ ಬನ್ನಿ ಎಂದು. ತಿಂಗಳಿಡೀ ಇದ್ದು, ಮಕ್ಕಳನ್ನು ಹಚ್ಚಿಕೊಂಡು, ಅತ್ತು, ಫೋಟೋ ತೆಗೆಸಿಕೊಂಡು ಹೋದವರು ಮತ್ತೆ ಬಾರದಿದ್ದರೆ ಆ ಮಕ್ಕಳು ಮುಂದೆ ಬರುವವರನ್ನೂ ನಂಬುವುದಿಲ್ಲ. ಶಾಲೆಯ ಮುಖ್ಯೋಪಾಧ್ಯಾಯರ ಮತ್ತು ಹಾಡಿಯ ಯಜಮಾನರ ಒಪ್ಪಿಗೆ ಇಲ್ಲದೆ ಹೆಜ್ಜೆ ಇಡಬೇಡಿ. ಕಾಡಿನೊಳಗಿನ ಹಾಡಿಯಾದರೆ ಅರಣ್ಯ ಇಲಾಖೆಯ ಅನುಮತಿಯೂ ಬೇಕು. ಒಬ್ಬೊಬ್ಬರೇ ಮಕ್ಕಳೊಂದಿಗೆ ಇರಬಾರದು, ಯಾವಾಗಲೂ ಇಬ್ಬರು ಸ್ವಯಂಸೇವಕರಿರಬೇಕು, ಬಾಗಿಲು ತೆರೆದಿರಬೇಕು. ಹಳೆಬಟ್ಟೆಯ ಗಂಟು ಹೊತ್ತು ಹೋಗಬೇಡಿ. ಸೀಮೆಸುಣ್ಣ, ಸ್ಲೇಟು, ಹಾಡಿನ ನಾಲ್ಕು ಸಾಲು ಸಾಕು. ಸಂಜೆ ತರಗತಿಯನ್ನು ಐದೂವರೆಗೆ ಮುಗಿಸಿ ಹೊರಟುಬಿಡಿ, ಕತ್ತಲಾದ ಮೇಲೆ ಆ ದಾರಿ ಆನೆಗಳದ್ದು.