ಬೇಸ್ ಗಿಟಾರಿನ ಪಿಕಪ್: ಗುಂಯ್ ಸದ್ದನ್ನು ಗೆದ್ದ ಸುರುಳಿಗಳು

ಜಾತ್ರೆಯ ರಸಮಂಜರಿ ಶುರುವಾಗುವ ಮುನ್ನ, ಮೈಕ್ ಟೆಸ್ಟಿಂಗ್ ನಡೆದಿರುವಾಗ, ಸ್ಪೀಕರಿನಿಂದ ಒಂದೇ ಸಮನೆ ‘ಗುಂಯ್’ ಎಂಬ ಸದ್ದು ಬರುವುದನ್ನು ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯವರು ಕೇಳಿಯೇ ಇರುತ್ತೀರಿ. ಎಷ್ಟೋ ಸಲ ಅದು ಬರುವುದು ಬೇಸ್ ಗಿಟಾರಿನಿಂದ. ಕಲಾವಿದ ಇನ್ನೂ ತಂತಿ ಮೀಟಿರುವುದಿಲ್ಲ. ವೇದಿಕೆಯ ಸುತ್ತ ಹರಿಯುವ ಕರೆಂಟೇ ಗಿಟಾರಿನೊಳಗೆ ಹೊಕ್ಕು ಸದ್ದು ಮಾಡುತ್ತಿರುತ್ತದೆ. ಅದು ಹೊಗುವ ದಾರಿಯ ಹೆಸರು ಪಿಕಪ್.

ತಂತಿಗಳ ಕೆಳಗೆ, ಗಿಟಾರಿನ ಮೈಯಲ್ಲಿ ಹುದುಗಿಸಿಟ್ಟ ಪುಟ್ಟ ಪೆಟ್ಟಿಗೆ ಅದು. ಒಳಗಿರುವುದು ಅಯಸ್ಕಾಂತ, ಅದರ ಸುತ್ತ ತಾಮ್ರದ ತಂತಿಯ ಸುರುಳಿ, ಅಷ್ಟೇ. ಸುರುಳಿಯ ಬಳಿ ಕಾಂತಕ್ಷೇತ್ರ ಬದಲಾದರೆ ಅದರಲ್ಲಿ ವಿದ್ಯುತ್ ಹುಟ್ಟುತ್ತದೆ ಎಂದು ಮೈಕೆಲ್ ಫ್ಯಾರಡೆ 1831ರಲ್ಲಿ ತೋರಿಸಿಕೊಟ್ಟ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಅಣೆಕಟ್ಟೆಯಲ್ಲಿ ಘಟಪ್ರಭೆಯ ನೀರು ತಿರುಗಿಸುವ, ತಲಾ 16 ಮೆಗಾವ್ಯಾಟಿನ ಎರಡು ಜನರೇಟರುಗಳು ನಡೆಯುವುದೂ ಇದೇ ನಿಯಮದ ಮೇಲೆ. ಜನರೇಟರಿನಲ್ಲಿ ಅಯಸ್ಕಾಂತ ತಿರುಗುತ್ತದೆ. ಪಿಕಪ್ಪಿನಲ್ಲಿ ಅಯಸ್ಕಾಂತವೂ ಅಲುಗುವುದಿಲ್ಲ, ಸುರುಳಿಯೂ ಅಲುಗುವುದಿಲ್ಲ. ಅಲುಗುವುದು ಮೇಲಿನ ಉಕ್ಕಿನ ತಂತಿ. ಅಯಸ್ಕಾಂತದ ಮೇಲೆ ನಿಂತ ಉಕ್ಕು ತಾನೂ ಅಯಸ್ಕಾಂತವಾಗುತ್ತದೆ. ಅದು ಕಂಪಿಸಿದಂತೆ ಸುರುಳಿಯಲ್ಲಿ ಅದೇ ಲಯದ ಪುಟ್ಟ ವಿದ್ಯುತ್ ಅಲೆ ಏಳುತ್ತದೆ. ಹಾಗಾಗಿ ಪಿಕಪ್ಪಿಗೆ ಉಕ್ಕು ಅಥವಾ ನಿಕ್ಕಲ್ ತಂತಿಯೇ ಬೇಕು. ಪಕ್ಕದ ಮಿರಜ್‌ನಲ್ಲಿ ಮಾಡಿದ ತಂಬೂರಿಗೆ ಇದನ್ನು ಜೋಡಿಸಿದರೆ ಉಕ್ಕಿನ ತಂತಿಗಳು ಕೇಳಿಸುತ್ತವೆ, ಹಿತ್ತಾಳೆಯ ಖರಜ ತಂತಿ ಕೇಳಿಸುವುದಿಲ್ಲ.

ಹಳೆಯ ಬೇಸ್ ಪಿಕಪ್ಪುಗಳನ್ನು ಹೋಲಿಸಲು ಹೊರಟರೆ 1951ರಿಂದ ಶುರುಮಾಡಬೇಕು. ಮೊದಲು ರೇಡಿಯೊ ರಿಪೇರಿ ಅಂಗಡಿ ನಡೆಸಿದ್ದ ಕ್ಯಾಲಿಫೋರ್ನಿಯಾದ ಲಿಯೊ ಫೆಂಡರ್ ಆ ವರ್ಷ ಪ್ರಿಸಿಶನ್ ಬೇಸ್ ಹೊರತಂದ. ಅದರ ಪಿಕಪ್ ಅತಿ ಸರಳ. ಎರಡು ಫೈಬರ್ ಪಟ್ಟಿಗಳ ನಡುವೆ ನಾಲ್ಕು ಅಯಸ್ಕಾಂತದ ಕಡ್ಡಿ, ತಂತಿಗೊಂದರಂತೆ. ಕಡ್ಡಿಗಳ ಮೈಮೇಲೇ ನೇರವಾಗಿ ಸುತ್ತಿದ ಒಂದೇ ಸುರುಳಿ. ಕಡ್ಡಿಗಳು ಅಲ್ನಿಕೊ, ಅಂದರೆ ಅಲ್ಯುಮಿನಿಯಂ, ನಿಕ್ಕಲ್, ಕೋಬಾಲ್ಟ್ ಬೆರೆತ ಕಬ್ಬಿಣ. ಸುತ್ತಿದ ತಂತಿ ಸುಮಾರು 0.063 ಮಿಲಿಮೀಟರ್ ದಪ್ಪ, ಮೇಲೆ ಇನಾಮಲ್ ಲೇಪ.

ಇದರ ದನಿ ಸ್ಪಷ್ಟ, ಖಡಕ್. ಕುಂದು ಎಂದರೆ ಆ ಗುಂಯ್. ಕರೆಂಟಿನ ವಯರು, ಟ್ರಾನ್ಸ್‌ಫಾರ್ಮರ್, ಲೈಟುಗಳ ಸುತ್ತ ಕಾಂತಕ್ಷೇತ್ರ ಸೆಕೆಂಡಿಗೆ 50 ಸಲ ಏರಿಳಿಯುತ್ತದೆ. ಕಂಪಿಸುವ ತಂತಿ ಯಾವುದು, ಟ್ರಾನ್ಸ್‌ಫಾರ್ಮರ್ ಯಾವುದು ಎಂಬ ಭೇದ ಸುರುಳಿಗೆ ಗೊತ್ತಿಲ್ಲ. ಬೇಸ್ ವಾದಕರಿಗೆ ನಮ್ಮ ದೇಶದಲ್ಲಿ ಇನ್ನೊಂದು ತೊಡಕಿದೆ. ನಾಲ್ಕು ತಂತಿಯ ಬೇಸಿನ ಅತಿ ಕೆಳಗಿನ ಸ್ವರ 41 ಹರ್ಟ್ಸ್. ಅದೇ ದಪ್ಪ ತಂತಿಯನ್ನು ಮೂರನೇ ಮನೆಯಲ್ಲಿ ಒತ್ತಿದರೆ ಸಿಗುವ ‘ಜಿ’ ಸ್ವರ 49 ಹರ್ಟ್ಸ್. ಕರೆಂಟಿನ 50, ಸ್ವರದ 49: ಎರಡೂ ಕೂಡಿದಾಗ ಹೆಚ್ಚುಕಡಿಮೆ ಸೆಕೆಂಡಿಗೊಮ್ಮೆ ಸದ್ದು ಏರಿ ಇಳಿದು ತೂಗಾಡುತ್ತದೆ. ಹಳೇ ಮಾದರಿಯ ಪಿಕಪ್ ಇದ್ದವರು ಆ ಸ್ವರವನ್ನು ಎಳೆದು ನಿಲ್ಲಿಸಿ ಕೇಳಿ, ತೂಗಾಟ ತಿಳಿಯುತ್ತದೆ. ಅಮೆರಿಕದ ಕರೆಂಟು 60 ಹರ್ಟ್ಸ್. ಅಲ್ಲಿ ‘ಜಿ’ಗೆ ಈ ಕಾಟವಿಲ್ಲ.

1957ರಲ್ಲಿ ಫೆಂಡರ್ ಕಂಪನಿ ಪಿಕಪ್ಪನ್ನು ಎರಡು ತುಂಡು ಮಾಡಿತು. ನನ್ನ ಮಟ್ಟಿಗೆ ಬೇಸಿನ ಚರಿತ್ರೆಯಲ್ಲೇ ಇದರಷ್ಟು ಚೆಲುವಾದ ಯೋಚನೆ ಇನ್ನೊಂದಿಲ್ಲ. ಒಂದು ತುಂಡು ಎರಡು ದಪ್ಪ ತಂತಿಗಳಿಗೆ, ಇನ್ನೊಂದು ಎರಡು ತೆಳು ತಂತಿಗಳಿಗೆ. ಒಂದು ಸುರುಳಿಯ ಸುತ್ತಿಗೆ ಇನ್ನೊಂದರ ಸುತ್ತು ವಿರುದ್ಧ. ಗುಂಯ್ ಎರಡಕ್ಕೂ ಒಂದೇ ಸಮನಾಗಿ ಬಂದು ಬೀಳುತ್ತದೆ, ಒಂದರಲ್ಲಿ ಮೇಲೆದ್ದ ಅಲೆ ಇನ್ನೊಂದರಲ್ಲಿ ಕೆಳಗಿಳಿದಿರುತ್ತದೆ, ಕೂಡಿದರೆ ಸೊನ್ನೆ. ಪ್ರತಿ ತಂತಿ ಒಂದೇ ಸುರುಳಿಯ ಮೇಲೆ ಹಾಯುವುದರಿಂದ ಸಂಗೀತ ಮಾತ್ರ ಉಳಿಯುತ್ತದೆ. ತಂತಿಗೆ ಒಂದರ ಬದಲು ಎರಡು ಕಡ್ಡಿಗಳು ಬಂದವು, ತಂತಿ ಅವುಗಳ ನಡುವೆ ನಿಂತಿತು. ಮೀಟಿದಾಗಿನ ಏಟು ಇದರಿಂದ ಮೆತ್ತಗಾಯಿತು.

1960ರ ಜಾಝ್ ಬೇಸಿನಲ್ಲಿ ಸಮಸ್ಯೆ ಇನ್ನೂ ಬಿಗಿ. ಅಲ್ಲಿ ಎರಡು ಪಿಕಪ್, ನಾಲ್ಕೂ ತಂತಿಗಳು ಎರಡರ ಮೇಲೂ ಹಾಯುತ್ತವೆ. ಸುತ್ತನ್ನು ಮಾತ್ರ ತಿರುಗಿಸಿದ್ದರೆ ಗುಂಯ್ ಜತೆಗೆ ಸಂಗೀತವೂ ಅಳಿಸಿ ಹೋಗುತ್ತಿತ್ತು. ಅದಕ್ಕೆ ಅಯಸ್ಕಾಂತದ ಧ್ರುವವನ್ನೂ ತಿರುಗಿಸಿದರು. ತಂತಿಯ ಸದ್ದು ಎರಡು ಸಲ ತಿರುಗಿ ಮೊದಲಿನಂತಾಯಿತು. ಅಯಸ್ಕಾಂತದ ಹಂಗಿಲ್ಲದ ಗುಂಯ್ ಒಂದೇ ಸಲ ತಿರುಗಿ ಅಳಿಯಿತು. ಎರಡೂ ವಾಲ್ಯೂಮುಗಳನ್ನು ಪೂರ್ತಿ ಏರಿಸಿದಾಗ ಶಾಂತ, ಒಂದನ್ನು ಇಳಿಸಿದೊಡನೆ ಗುಂಯ್ ಮರಳುತ್ತದೆ.

ಗಿಬ್ಸನ್ ಕಂಪನಿಯ ಇಬಿ ಬೇಸುಗಳು ಬೇರೆ ದಾರಿ ಹಿಡಿದವು. ಕುತ್ತಿಗೆಯ ಪಕ್ಕದಲ್ಲೇ ದೊಡ್ಡ ಪಿಕಪ್, ಸುರುಳಿಗಳನ್ನು ಅಡ್ಡ ಮಲಗಿಸಿ, ರೋಧ ಸುಮಾರು 30 ಸಾವಿರ ಓಮ್ ಮುಟ್ಟುವಷ್ಟು ಸುತ್ತು. ಸುತ್ತು ಹೆಚ್ಚಿದಷ್ಟೂ ಸದ್ದು ಜೋರು, ಆದರೆ ಮೇಲಿನ ಕಂಪನಾಂಕಗಳು ಸುರುಳಿಯಲ್ಲೇ ಸೊರಗುತ್ತವೆ. ದನಿ ದಟ್ಟ, ಮಸುಕು. ಹಾಡಿನ ಜತೆ ಬೇಸಿನ ಪ್ರತಿ ಸ್ವರ ಬಿಡಿಬಿಡಿಯಾಗಿ ಕೇಳಬೇಕೆಂದರೆ ನಾನು ಸುಮಾರು 10 ಸಾವಿರ ಓಮಿನ ಪ್ರಿಸಿಶನ್ ಪಿಕಪ್ಪನ್ನೇ ಆರಿಸುತ್ತೇನೆ.

ಇದೆಲ್ಲ ಕೈಕೆಲಸ. 1956ರಲ್ಲಿ ಫೆಂಡರ್ ಕಂಪನಿ ಸೇರಿದ ಅಬಿಗೈಲ್ ಯಬಾರಾ ಎಂಬ ಕಾರ್ಮಿಕ ಮಹಿಳೆ ಸುತ್ತಿದ ಪಿಕಪ್ಪುಗಳನ್ನು ವಾದಕರು ಇಂದಿಗೂ ಹುಡುಕಿ ಕೊಳ್ಳುತ್ತಾರೆ. ಸುತ್ತುವವರ ಬೆರಳಿನ ಹಿಡಿತ ಎಷ್ಟು ಬಿಗಿ, ಎಷ್ಟು ಸಡಿಲ ಎಂಬುದರ ಮೇಲೆ ದನಿ ಬದಲಾಗುತ್ತದೆ. ಈ ಮಾತು ನಮ್ಮೂರ ವೈಂಡಿಂಗ್ ಅಂಗಡಿಯವರಿಗೆ ಹೊಸದಲ್ಲ. 1969ರಲ್ಲಿ ದೇಶದ ಮೊದಲ ಐದು ಗ್ರಾಮೀಣ ವಿದ್ಯುತ್ ಸಹಕಾರ ಸಂಘಗಳಲ್ಲಿ ಒಂದು ಹುಟ್ಟಿದ್ದು ಹುಕ್ಕೇರಿಯಲ್ಲಿ. ಕರೆಂಟಿನ ಹಿಂದೆ ಪಂಪ್‌ಸೆಟ್ಟು, ಪಂಪ್‌ಸೆಟ್ಟಿನ ಹಿಂದೆ ಸುಟ್ಟ ಮೋಟರಿಗೆ ಕಾಯಿಲ್ ಸುತ್ತುವವರು ಬಂದರು. ಪಿಕಪ್ಪಿನ ಸುರುಳಿ ಅದೇ ವಿದ್ಯೆ, ತಂತಿ ಮಾತ್ರ ಬಹಳ ಸಣ್ಣದು.

ಹಳೇ ಪಿಕಪ್ ಮೌನವಾಗಲು ಸಾಮಾನ್ಯ ಕಾರಣ ತುಕ್ಕು. ಕಡ್ಡಿಯ ಮೇಲೆ ನೇರ ಸುತ್ತಿರುವುದರಿಂದ ಮಳೆಗಾಲದ ತೇವಕ್ಕೆ ಅಯಸ್ಕಾಂತ ತುಕ್ಕು ಹಿಡಿದು ಒಳಸುತ್ತಿನ ತಂತಿ ತುಂಡಾಗುತ್ತದೆ. ನಿಮ್ಮಲ್ಲಿ ಅಂಥ ಗಿಟಾರು ಇದ್ದರೆ ಎಸೆಯಬೇಡಿ. ಮಲ್ಟಿಮೀಟರ್ ಹಚ್ಚಿ ನೋಡಿ. ಜಾಝ್ ಮಾದರಿ 7–8 ಸಾವಿರ ಓಮ್, ಪ್ರಿಸಿಶನ್ 10–11 ಸಾವಿರ ತೋರಿಸಿದರೆ ಸುರುಳಿ ಜೀವಂತ, ತಪ್ಪು ಬೇರೆಲ್ಲೋ ಇದೆ. ಏನೂ ತೋರಿಸದಿದ್ದರೆ ಮೊದಲು ಹೊರತುದಿಯ ಬೆಸುಗೆ ಪರೀಕ್ಷಿಸಿ. ಅಲ್ಲೂ ಸರಿಯಿದ್ದರೆ ಸುತ್ತಿನ ದಿಕ್ಕು, ಅಯಸ್ಕಾಂತದ ಧ್ರುವ ಎರಡನ್ನೂ ಚೀಟಿಯಲ್ಲಿ ಬರೆದುಕೊಂಡು, ಆಮೇಲೆ ತಾಳ್ಮೆಯುಳ್ಳ ವೈಂಡಿಂಗ್ ಕೆಲಸಗಾರರ ಕೈಗೆ ಕೊಡಿ.