ವಿದೇಶಕ್ಕೆ ಅರ್ಜಿ ಹಾಕುವ ಮೊದಲು: ನಿಮ್ಮ ಅಂಕಪಟ್ಟಿ ಯಾರ ಕೈಯಲ್ಲಿದೆ?

ವಿದೇಶದಲ್ಲಿ ಉನ್ನತ ವ್ಯಾಸಂಗ ಮಾಡಲು, ದಾದಿಯರಾಗಿ ಸೇವೆ ಸಲ್ಲಿಸಲು ಅಥವಾ ಕೆನಡಾದಂತಹ ದೇಶದಲ್ಲಿ ನೆಲೆಸಲು ಬಯಸುವ ನಮ್ಮ ಯುವಜನರು ಇಂದು ದಾಟಬೇಕಾದ ಮೊದಲ ಹೊಸ್ತಿಲು ಶೈಕ್ಷಣಿಕ ದಾಖಲೆಗಳ ಮೌಲ್ಯಮಾಪನ. ಪರೀಕ್ಷೆಯಲ್ಲಿ ಉತ್ತಮ ಅಂಕ ಪಡೆದವರು, ಇಂಗ್ಲಿಷ್ ಪರೀಕ್ಷೆಯನ್ನೂ ಪಾಸಾದವರು ಈ ಹೊಸ್ತಿಲಲ್ಲಿ ತಿಂಗಳುಗಟ್ಟಲೆ ನಿಂತುಬಿಡುತ್ತಾರೆ. ಹೆಚ್ಚಿನವರ ಬಳಿ ದಾಖಲೆಗಳು ಇಲ್ಲವೆಂದಲ್ಲ. ಮೂಲ ದಾಖಲೆ ಯಾವ ಕಚೇರಿಯಲ್ಲಿದೆ, ಅದರಲ್ಲಿ ತಮ್ಮ ಹೆಸರು ಹೇಗಿದೆ ಎಂಬುದನ್ನು ಅವರು ಮೊದಲೇ ನೋಡಿಕೊಂಡಿರುವುದಿಲ್ಲ. ಚರ್ಚ್ ಕಚೇರಿಗೆ, ಯುವ ಸಂಘಟನೆಗಳಿಗೆ ಈ ಬಗ್ಗೆ ವಿಚಾರಣೆಗಳು ಬರುತ್ತಲೇ ಇರುವುದರಿಂದ ಕೆಲವು ವಿಷಯಗಳನ್ನು ಇಲ್ಲಿ ವಿವರಿಸಲು ಬಯಸುತ್ತೇವೆ.

ಮೂರು ಬೇರೆ ಬೇರೆ ಕೆಲಸಗಳು

ಕರಾವಳಿಯ ಕುಟುಂಬಗಳಿಗೆ ಗಲ್ಫ್ ರಾಷ್ಟ್ರಗಳ ಪರಿಚಯ ಹಳೆಯದು. ಅಲ್ಲಿಗೆ ಹೋಗುವವರು ಸರ್ಟಿಫಿಕೇಟಿಗೆ ಮುದ್ರೆ ಹಾಕಿಸುವುದು ನಮಗೆಲ್ಲ ಗೊತ್ತು. ಇದು ದೃಢೀಕರಣ. ಈ ಕಾಗದ ನಕಲಿಯಲ್ಲ ಎಂದಷ್ಟೇ ಅದು ಹೇಳುತ್ತದೆ. 2005ರಲ್ಲಿ ಭಾರತವು ಅಪೋಸ್ಟಿಲ್ ಒಪ್ಪಂದಕ್ಕೆ ಸೇರಿದ ಮೇಲೆ ಅನೇಕ ದೇಶಗಳಿಗೆ ನಮ್ಮ ವಿದೇಶಾಂಗ ಸಚಿವಾಲಯದ ಒಂದು ಮುದ್ರೆ ಸಾಕಾಗುತ್ತದೆ. ಯುಎಇಯಂತಹ ದೇಶಗಳಿಗೆ ರಾಯಭಾರ ಕಚೇರಿಯ ಮುದ್ರೆಯೂ ಬೇಕು.

ಮೌಲ್ಯಮಾಪನ ಇದಕ್ಕಿಂತ ಭಿನ್ನ. ಇಲ್ಲಿಯ ಬಿ.ಎಸ್ಸಿ. ಅಥವಾ ಬಿ.ಕಾಂ. ಅಲ್ಲಿಯ ಯಾವ ಪದವಿಗೆ ಸಮ ಎಂದು ತಿಳಿಸುವ ವರದಿ ಅದು. ಕೆನಡಾವು 2013ರಿಂದ ನುರಿತ ಕೆಲಸಗಾರರ ವಲಸೆ ಅರ್ಜಿಗೆ ಇಂತಹ ವರದಿಯನ್ನು ಕೇಳುತ್ತಿದೆ. ವರದಿಗೆ 5 ವರ್ಷಗಳ ಅವಧಿ ಇದೆ. ಇದನ್ನು ನೀಡಲು ಕೆನಡಾ ಸರಕಾರ ಗುರುತಿಸಿದ ಸಂಸ್ಥೆಗಳಲ್ಲಿ, 1974ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭವಾದ ವರ್ಲ್ಡ್ ಎಜುಕೇಶನ್ ಸರ್ವಿಸಸ್, ಅಂದರೆ ನಮ್ಮವರು 'ವೆಸ್' ಎನ್ನುವ ಸಂಸ್ಥೆ ಒಂದು.

ಮೂರನೆಯದು ವೃತ್ತಿ ಪರವಾನಗಿ. ವಲಸೆಗೆಂದು ಪಡೆದ ವರದಿ ಕೈಯಲ್ಲಿದ್ದ ಮಾತ್ರಕ್ಕೆ ದಾದಿಯರು ಆಸ್ಪತ್ರೆಯಲ್ಲಿ ಕೆಲಸಕ್ಕೆ ನಿಲ್ಲಲಾಗದು. ಅಮೆರಿಕಕ್ಕೆ ಹೋಗುವ ದಾದಿಯರ ದಾಖಲೆಗಳನ್ನು 1977ರಿಂದ ಪರಿಶೀಲಿಸುತ್ತಾ ಬಂದಿರುವ ಸಿಜಿಎಫ್‌ಎನ್‌ಎಸ್ ಸಂಸ್ಥೆ 2025ರಲ್ಲಿ ಟ್ರೂಮೆರಿಟ್ ಎಂದು ಹೆಸರು ಬದಲಿಸಿಕೊಂಡಿದೆ. ಇಂತಹ ಪರಿಶೀಲನೆಗೆ ಅಂಕಗಳ ಜೊತೆ ತರಗತಿಯಲ್ಲಿ ಎಷ್ಟು ಗಂಟೆ, ಆಸ್ಪತ್ರೆಯ ವಾರ್ಡಿನಲ್ಲಿ ಎಷ್ಟು ಗಂಟೆ ಕಲಿತರು ಎಂಬ ವಿವರವೂ ಬೇಕು. ಅದನ್ನು ಓದಿದ ನರ್ಸಿಂಗ್ ಶಾಲೆಯೇ ತುಂಬಿ ಕೊಡಬೇಕು.

ಹೀಗಾಗಿ ಯಾವ ದೇಶಕ್ಕೆ, ಯಾವ ಉದ್ದೇಶಕ್ಕೆ ಎಂದು ನಿಶ್ಚಯಿಸಿದ ಮೇಲೆಯೇ ಹಣ ಕಟ್ಟಿರಿ. ಮೌಲ್ಯಮಾಪನಕ್ಕೆ ಬೇಡದ ಮುದ್ರೆಗೆ ಖರ್ಚು ಮಾಡಿ ಕೈಸುಟ್ಟುಕೊಂಡವರಿದ್ದಾರೆ.

ದಾಖಲೆ ಯಾರ ಕೈಯಲ್ಲಿದೆ?

ಮೌಲ್ಯಮಾಪನದ ಮುಖ್ಯ ನಿಯಮವೊಂದಿದೆ. ಅಂಕಗಳ ವಿವರ, ಅಂದರೆ ಟ್ರಾನ್ಸ್‌ಕ್ರಿಪ್ಟ್, ಅಭ್ಯರ್ಥಿಯ ಮನೆಯಿಂದ ಹೋದರೆ ಸಾಲದು. ವಿಶ್ವವಿದ್ಯಾನಿಲಯವೇ ಅದನ್ನು ಮೊಹರು ಮಾಡಿದ ಲಕೋಟೆಯಲ್ಲಿ ಅಥವಾ ಸಂಸ್ಥೆ ಒಪ್ಪುವ ಆನ್‌ಲೈನ್ ವ್ಯವಸ್ಥೆಯಲ್ಲಿ ಕಳುಹಿಸಬೇಕು. ಆ ಲಕೋಟೆ ನಿಮ್ಮ ಕೈಗೆ ಬಂದರೂ ಒಡೆಯಬಾರದು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ನಂಜನಗೂಡು, ತಿ. ನರಸೀಪುರ ಸೀಮೆಯ ಹದಿನಾರು ಗ್ರಾಮದ ಹೆಣ್ಣುಮಗಳೊಬ್ಬಳು ಮೈಸೂರಿನಲ್ಲಿ ಬಿ.ಎಸ್ಸಿ. ನರ್ಸಿಂಗ್ ಓದಿ, ಮಂಗಳೂರಿನ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಾಳೆ ಎಂದಿಟ್ಟುಕೊಳ್ಳಿ. ಆಕೆ ಓದಿದ್ದು ಮೈಸೂರಿನಲ್ಲಾದರೂ ಪದವಿ ಮೈಸೂರು ವಿಶ್ವವಿದ್ಯಾನಿಲಯದ್ದಲ್ಲ, ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯದ್ದು. ನೋಂದಣಿ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿದೆ. ಎಸ್ಸೆಸ್ಸೆಲ್ಸಿ, ಪಿಯುಸಿ ದಾಖಲೆಗಳು 2022ರಲ್ಲಿ ರಚನೆಯಾದ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಗೆ ಸೇರಿವೆ. ವಾರ್ಡಿನ ಗಂಟೆಗಳ ಲೆಕ್ಕ ಮಾತ್ರ ಮೈಸೂರಿನ ಕಾಲೇಜಿನಲ್ಲಿದೆ. ಒಬ್ಬಳ ಓದು, ನಾಲ್ಕು ಬಾಗಿಲು.

ವಯಸ್ಸಾದವರಿಗೆ ಈ ಗೊಂದಲ ಇನ್ನೂ ಹೆಚ್ಚು. ಮೈಸೂರು ವಿಶ್ವವಿದ್ಯಾನಿಲಯ 1916ರದು. ಮಂಗಳೂರು ವಿಶ್ವವಿದ್ಯಾನಿಲಯ ಅದರಿಂದ ಬೇರ್ಪಟ್ಟದ್ದು 1980ರಲ್ಲಿ. ಹಾಗಾಗಿ 1970ರ ದಶಕದಲ್ಲಿ ಮಂಗಳೂರಿನಲ್ಲೇ ಓದಿದವರು ಮೈಸೂರಿಗೆ ಬರೆಯಬೇಕಾಗುತ್ತದೆ. ಆರೋಗ್ಯ ವಿಶ್ವವಿದ್ಯಾನಿಲಯ 1996ರಲ್ಲಿ, ಎಂಜಿನಿಯರಿಂಗಿಗೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯ 1998ರಲ್ಲಿ ಬಂದವು. ಮಂಗಳೂರಿನ ಸಂತ ಅಲೋಶಿಯಸ್ 2024ರಲ್ಲಿ ಪರಿಗಣಿತ ವಿಶ್ವವಿದ್ಯಾನಿಲಯವಾಯಿತು. ಅದಕ್ಕೂ ಕೆಲವು ವರ್ಷ ಮೊದಲು ಅಲ್ಲಿ ಮುಗಿಸಿದವರ ಪದವಿ ಮಂಗಳೂರು ವಿಶ್ವವಿದ್ಯಾನಿಲಯದ್ದು. ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಓದಿದವರು ವರ್ಷವನ್ನು ವಿಶೇಷವಾಗಿ ಗಮನಿಸಬೇಕು. 2012-13ರ ನಂತರ ಅದರ ಕೋರ್ಸುಗಳಿಗೆ ಯುಜಿಸಿ ಮಾನ್ಯತೆ ಇರಲಿಲ್ಲ. 2018-19ರಿಂದ ಮತ್ತೆ ದೊರೆಯಿತು.

ಅನುಮಾನವಿದ್ದರೆ ಸುಲಭದ ದಾರಿ ಇದು: ನಿಮ್ಮ ಪದವಿ ಪ್ರಮಾಣಪತ್ರದ ತಲೆಯಲ್ಲಿ ಯಾವ ವಿಶ್ವವಿದ್ಯಾನಿಲಯದ ಹೆಸರು ಅಚ್ಚಾಗಿದೆಯೋ ಮೊದಲು ಅದರ ಪರೀಕ್ಷಾ ವಿಭಾಗವನ್ನು ಕೇಳಿ. ಸ್ವಾಯತ್ತ ಕಾಲೇಜಿನವರು ಟ್ರಾನ್ಸ್‌ಕ್ರಿಪ್ಟ್ ಕೊಡುವವರು ಯಾರೆಂದು ಕಾಲೇಜಿನಲ್ಲೇ ವಿಚಾರಿಸಿ.

ಹೆಸರಿನ ತೊಡಕು

ಮೈಸೂರು ಸೀಮೆಯಲ್ಲಿ ಹೆಸರಿನ ಮುಂದೆ ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರ ಇಡುವ ರೂಢಿ. ಮೇಲಿನ ಉದಾಹರಣೆಯ ಹೆಣ್ಣುಮಗಳು ಶಾಲೆಯಲ್ಲಿ 'ಎಚ್.ಎ. ಮೇರಿ' ಆಗಿದ್ದರೆ ಆ 'ಎಚ್' ಹದಿನಾರು, 'ಎ' ಅಂತೋಣಿ. ಪಾಸ್‌ಪೋರ್ಟಿನಲ್ಲಿ ಮೊದಲಕ್ಷರ ಬಿಡಿಸಿ 'ಮೇರಿ ಹದಿನಾರು ಅಂತೋಣಿ' ಎಂದಾದರೆ ವಿದೇಶದ ಅಧಿಕಾರಿಗೆ ಇವರಿಬ್ಬರೂ ಒಬ್ಬರೇ ಎಂದು ತಿಳಿಯುವುದು ಹೇಗೆ? ಕರಾವಳಿಯಲ್ಲಿ ತೊಂದರೆ ಬೇರೆ ಬಗೆಯದು. ಡಿಸೋಜ, ಡಿಸಿಲ್ವ, ಡಿಕುನ್ಹ ಎಂಬ ಅಡ್ಡಹೆಸರುಗಳನ್ನು ಇಂಗ್ಲಿಷಿನಲ್ಲಿ ಒಮ್ಮೆ ಚಿಹ್ನೆ ಹಾಕಿ, ಒಮ್ಮೆ ಬಿಡಿಸಿ, ಒಮ್ಮೆ ಕೂಡಿಸಿ ಬರೆಯುತ್ತಾರೆ. ಮದುವೆಯ ನಂತರ ಗಂಡನ ಅಡ್ಡಹೆಸರು ಸೇರುತ್ತದೆ. ಧಾರ್ಮಿಕ ಭಗಿನಿಯರಿಗೆ ಸಭೆಯಲ್ಲಿ ಪಡೆದ ಹೆಸರು ಬೇರೆ, ಎಸ್ಸೆಸ್ಸೆಲ್ಸಿಯ ಹೆಸರು ಬೇರೆ.

ಆದುದರಿಂದ ಎಲ್ಲಾ ದಾಖಲೆಗಳನ್ನು ಮೇಜಿನ ಮೇಲೆ ಹರಡಿ, ಪಾಸ್‌ಪೋರ್ಟಿನ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರವಾಗಿ ಹೋಲಿಸಿ ನೋಡಿ. ವ್ಯತ್ಯಾಸವಿದ್ದರೆ ನೋಟರಿ ಮುಂದೆ ಅಫಿಡವಿಟ್ ಸಾಕೇ, ಮದುವೆ ನೋಂದಣಿ ಪತ್ರ ಬೇಕೇ ಅಥವಾ ತಿದ್ದುಪಡಿಯೇ ಆಗಬೇಕೇ ಎಂದು ಮೌಲ್ಯಮಾಪನ ಸಂಸ್ಥೆಯ ನಿಯಮದಲ್ಲಿ ನೋಡಿಕೊಳ್ಳಿ. ಅಂಕಪಟ್ಟಿ ಕಳೆದುಹೋಗಿದ್ದರೆ ಪೊಲೀಸ್ ಠಾಣೆಯ ಸ್ವೀಕೃತಿ ಪಡೆದು, ಶಾಲೆ ಅಥವಾ ಕಾಲೇಜಿನ ಮೂಲಕ ನಕಲು ಪ್ರತಿಗೆ ಅರ್ಜಿ ಹಾಕಿ. ಇದಕ್ಕೆ ಸಮಯ ಹಿಡಿಯುತ್ತದೆ. ಅರ್ಜಿಯ ಕೊನೆಯ ದಿನಾಂಕಕ್ಕಿಂತ ಆರು ತಿಂಗಳು ಮೊದಲೇ ಆರಂಭಿಸುವುದು ಒಳಿತು.

ಚರ್ಚ್ ಏನು ಮಾಡಬಹುದು, ಏನು ಮಾಡಬಾರದು?

ಇಂತಹ ಇಕ್ಕಟ್ಟಿನಲ್ಲಿ ಕೆಲವರು ಧರ್ಮಗುರುಗಳ ಬಳಿಗೆ ಬಂದು, ಜ್ಞಾನಸ್ನಾನ ಪ್ರಮಾಣಪತ್ರದಲ್ಲಿ ಹೆಸರನ್ನು ಪಾಸ್‌ಪೋರ್ಟಿನಂತೆ ಬರೆದುಕೊಡಿ ಎನ್ನುತ್ತಾರೆ. ಅವರ ಸಂಕಟ ನಮಗೆ ಅರ್ಥವಾಗುತ್ತದೆ. ಆದರೆ ನೋಂದಣಿ ಪುಸ್ತಕದಲ್ಲಿ ಇರುವುದನ್ನೇ ಬರೆಯಬೇಕು. ಧರ್ಮಾಧ್ಯಕ್ಷರ ಕಚೇರಿಯ ಅನುಮತಿಯಿಲ್ಲದೆ ಅದನ್ನು ತಿದ್ದುವಂತಿಲ್ಲ. ಸುಳ್ಳುಸಾಕ್ಷಿಯ ಬಗೆಗಿನ ಎಂಟನೆಯ ಕಟ್ಟಳೆ ಚರ್ಚ್ ಕಚೇರಿಯ ಮುದ್ರೆಗೂ ಅನ್ವಯಿಸುತ್ತದೆ.

"ಎಲ್ಲವನ್ನೂ ನಾವೇ ಮಾಡಿಸಿಕೊಡುತ್ತೇವೆ, ನೀವು ಸಹಿ ಹಾಕಿದರೆ ಸಾಕು" ಎನ್ನುವ ಏಜೆಂಟರ ಬಗ್ಗೆಯೂ ಎಚ್ಚರವಿರಲಿ. ಮೌಲ್ಯಮಾಪನ ಸಂಸ್ಥೆ ಅಂಕಪಟ್ಟಿಯನ್ನು ವಿಶ್ವವಿದ್ಯಾನಿಲಯದಲ್ಲೇ ವಿಚಾರಿಸಬಲ್ಲದು. ನಕಲಿ ಕಾಗದ ಸಿಕ್ಕಿಬಿದ್ದರೆ ಏಜೆಂಟನ ಹೆಸರು ಎಲ್ಲಿಯೂ ಇರುವುದಿಲ್ಲ. ಅರ್ಜಿಯಲ್ಲಿ ಇರುವುದು ನಿಮ್ಮ ಮಗ ಅಥವಾ ಮಗಳ ಹೆಸರು. ಕೆನಡಾದ ವಲಸೆ ಅರ್ಜಿಯಲ್ಲಿ ಸುಳ್ಳು ದಾಖಲೆ ಕೊಟ್ಟವರಿಗೆ 5 ವರ್ಷ ಪ್ರವೇಶ ನಿರಾಕರಣೆಯಾಗುತ್ತದೆ.

ನಮ್ಮ ಚರ್ಚ್‌ಗಳು ಸಹಾಯ ಮಾಡಬಹುದಾದ ದಾರಿಗಳೂ ಇವೆ. ವಾಳೆಯ ಗುರಿಕಾರರು ಎಸ್ಸೆಸ್ಸೆಲ್ಸಿಗೆ ಹೆಸರು ನೋಂದಾಯಿಸುವ ಮಕ್ಕಳ ಮನೆಗಳಲ್ಲಿ ಈ ಮಾತನ್ನು ತಿಳಿಸಲಿ: ಜನನ ಪ್ರಮಾಣಪತ್ರ, ಆಧಾರ್ ಮತ್ತು ಶಾಲಾ ದಾಖಲೆಯಲ್ಲಿ ಹೆಸರು ಒಂದೇ ರೀತಿ ಇರಲಿ. ಒಂಬತ್ತನೆಯ ತರಗತಿಯಲ್ಲಿ ಮುಖ್ಯೋಪಾಧ್ಯಾಯರ ಬಳಿ ಮುಗಿಯುವ ತಿದ್ದುಪಡಿ, ಇಪ್ಪತ್ತೈದನೆಯ ವಯಸ್ಸಿನಲ್ಲಿ ಬೆಂಗಳೂರಿನ ಕಚೇರಿಗಳಿಗೆ ಅಲೆದಾಡಿಸುತ್ತದೆ. ವಿದೇಶದಲ್ಲಿ ನೆಲೆಸಿರುವ ಬಾಂಧವರು ಮತ್ತು ನಿವೃತ್ತ ಶಿಕ್ಷಕರು ಭಾನುವಾರದ ಪೂಜೆಯ ನಂತರ ಒಂದು ಗಂಟೆ ಯುವಜನರ ದಾಖಲೆಗಳನ್ನು ನೋಡಿಕೊಟ್ಟರೂ ಅದು ದೊಡ್ಡ ಸೇವೆ. ವಿದೇಶಕ್ಕೆ ಹೋಗುವುದೋ ಬಿಡುವುದೋ ಮುಂದಿನ ಮಾತು. ಸರಿಯಾದ ಹೆಸರು, ಸರಿಯಾದ ದಾಖಲೆ ನಮ್ಮ ಮಕ್ಕಳ ಕೈಯಲ್ಲಿದ್ದರೆ ಇಲ್ಲಿಯ ಉದ್ಯೋಗಕ್ಕೂ ಅದು ಬೇಕೇ ಬೇಕು.