ಟೀ ಟೈಮಿನ ಮಿದುಳು ಪುರಾಣ

ನಾಲ್ಕು ಗಂಟೆಯ ಟೀಗೆ ನಮ್ಮ ಆಫೀಸಿನ ಪ್ಯಾಂಟ್ರಿಯಲ್ಲಿ ಸೇರುವವರ ಪೈಕಿ ಮಿದುಳಿನ ಬಗ್ಗೆ ಗೊತ್ತಿಲ್ಲದವರು ಒಬ್ಬರೂ ಇಲ್ಲ. ಅದನ್ನು ಓದಿಕೊಂಡವರೂ ಒಬ್ಬರಿಲ್ಲ ಅನ್ನುವುದು ಬೇರೆ ಮಾತು. ಅಕೌಂಟ್ಸ್ ವಿಭಾಗದ ಹಿರಿಯರೊಬ್ಬರು ಮೊಬೈಲಿನಲ್ಲಿ ಸುಡೊಕು ತುಂಬುತ್ತಾ, "ಇದು ಆಟ ಅಲ್ಲ ಕಣ್ರೀ, ಮರೆವಿನ ಕಾಯಿಲೆಗೆ ಲಸಿಕೆ" ಅನ್ನುತ್ತಾರೆ. ಡಿಸೈನ್ ಟೀಮಿನ ಹುಡುಗಿ ತಾನು ಬಲಮಿದುಳಿನವಳು, ಹಾಗಾಗಿ ಎಕ್ಸೆಲ್ ಶೀಟು ತನ್ನ ಜಾಯಮಾನಕ್ಕೆ ಒಗ್ಗುವುದಿಲ್ಲ ಎಂದು ಟೈಮ್‌ಶೀಟು ತುಂಬುವುದನ್ನು ಮುಂದೂಡುತ್ತಾಳೆ. ಎಚ್‌ಆರ್‌ನವರ ಬಳಿ ಒಂಬತ್ತು ಚುಕ್ಕಿಗಳ ಒಗಟು ಸದಾ ಸಿದ್ಧ. ಇನ್ನು, ಮನುಷ್ಯ ಮಿದುಳಿನ ಹತ್ತು ಪರ್ಸೆಂಟ್ ಮಾತ್ರ ಬಳಸುತ್ತಾನೆ ಎಂಬ ಮಾತಂತೂ ಅಪ್ರೈಸಲ್ ಹತ್ತಿರ ಬಂದಾಗಲೆಲ್ಲ ಕೇಳಿಬರುತ್ತದೆ. ಅದೂ ಯಾವಾಗಲೂ ಬೇರೆಯವರ ಬಗ್ಗೆ.

ಇವೆಲ್ಲ ಸುಳ್ಳು ಅಂದರೆ ಕೆಲವರಿಗೆ ಬೇಜಾರಾಗುತ್ತದೆ. ಯಾಕೆಂದರೆ "ಸುಮ್ಮನೆ ಆಡ್ತಾ ಇದೀನಿ" ಅನ್ನಲು ಆಫೀಸಿನಲ್ಲಿ ಯಾರಿಗೂ ಧೈರ್ಯವಿಲ್ಲ. ಆಟಕ್ಕೆ, ಗೀಚುವುದಕ್ಕೆ, ಒಗಟಿಗೆ ಒಂದು ವಿಜ್ಞಾನದ ಸರ್ಟಿಫಿಕೇಟು ಅಂಟಿಸಿಕೊಂಡರೇ ಸಮಾಧಾನ. ಆ ಸರ್ಟಿಫಿಕೇಟುಗಳಲ್ಲಿ ಎಷ್ಟು ಅಸಲಿ, ಎಷ್ಟು ನಕಲಿ ಅಂತ ಒಮ್ಮೆ ನೋಡೋಣ.

"ಹತ್ತು ಪರ್ಸೆಂಟ್ ಮಾತ್ರ!"

ಇದನ್ನು ಬೇಗ ಮುಗಿಸಬಹುದು. ದೇಹದ ತೂಕದಲ್ಲಿ ಮಿದುಳಿನ ಪಾಲು ಶೇಕಡಾ 2ರಷ್ಟು. ಆದರೆ ನಾವು ಸುಮ್ಮನೆ ಕೂತಿದ್ದಾಗಲೂ ದೇಹದ ಒಟ್ಟು ಶಕ್ತಿಯ ಸುಮಾರು ಶೇಕಡಾ 20ನ್ನು ಅದೇ ನುಂಗುತ್ತದೆ. ಹತ್ತರಲ್ಲಿ ಒಂಬತ್ತು ಪಾಲು ಕೆಲಸವಿಲ್ಲದೆ ಕೂತಿರುವ ಅಂಗಕ್ಕೆ ಪ್ರಕೃತಿ ಇಷ್ಟು ದೊಡ್ಡ ಸಂಬಳ ಕೊಡುತ್ತಿರಲಿಲ್ಲ. ಸ್ಕ್ಯಾನ್‌ಗಳಲ್ಲಿ ನೋಡಿದರೆ, ನಿದ್ದೆ ಮಾಡುವವರ ಮಿದುಳು ಕೂಡ ಎಲ್ಲ ಕಡೆ ಏನಾದರೊಂದು ಮಾಡುತ್ತಲೇ ಇರುತ್ತದೆ. ಈ ಮಾತು ಊರೂರು ಸುತ್ತುವಂತೆ ಮಾಡಿದ್ದರಲ್ಲಿ ಡೇಲ್ ಕಾರ್ನೆಗಿಯ 1936ರ ಜನಪ್ರಿಯ ಪುಸ್ತಕದ ಪಾಲು ದೊಡ್ಡದು. ಅದಕ್ಕೆ ಮುನ್ನುಡಿ ಬರೆದ ಲೋವೆಲ್ ಥಾಮಸ್, ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ ಹೆಸರಿಗೆ ಈ ಹತ್ತು ಪರ್ಸೆಂಟನ್ನು ಹಚ್ಚಿದರು. ಮನುಷ್ಯ ತನ್ನ ಸಾಮರ್ಥ್ಯವನ್ನು ಪೂರ್ತಿ ಬಳಸುವುದಿಲ್ಲ ಎಂದು ಜೇಮ್ಸ್ ಬರೆದದ್ದು ನಿಜ, ಆದರೆ ಅದು ಮಿದುಳನ್ನು ಅಳತೆಪಟ್ಟಿ ಹಿಡಿದು ಅಳೆದ ಮಾತಾಗಿರಲಿಲ್ಲ. 2014ರಲ್ಲಿ 'ಲೂಸಿ' ಸಿನಿಮಾ ಬಂದು ಅದೇ ಮಾತಿಗೆ ಇನ್ನೊಂದು ತಲೆಮಾರಿನ ಆಯುಸ್ಸು ಕೊಟ್ಟಿತು.

"ಬಲಕ್ಕೆ ತಿರುಗಿದರೆ ನೀವು ಕಲಾವಿದರು"

ಒಂಟಿಕಾಲಿನ ಮೇಲೆ ಗಿರಗಿರನೆ ತಿರುಗುವ ಕಪ್ಪು ನೆರಳಿನ ನರ್ತಕಿಯನ್ನು ವಾಟ್ಸಾಪಿನಲ್ಲಿ ನೋಡದವರು ಕಡಿಮೆ. ಜಪಾನಿನ ವಿನ್ಯಾಸಕಾರ ನೊಬುಯುಕಿ ಕಯಾಹಾರಾ 2003ರಲ್ಲಿ ಮಾಡಿದ್ದು ಅದು. ಮಾಡಿದ್ದು ಒಂದು ದೃಷ್ಟಿಭ್ರಮೆಯನ್ನು, ವ್ಯಕ್ತಿತ್ವ ಪರೀಕ್ಷೆಯನ್ನಲ್ಲ. ಗಡಿಯಾರದ ದಿಕ್ಕಿಗೆ ತಿರುಗುವಂತೆ ಕಂಡರೆ ಬಲಮಿದುಳಿನ ಕಲಾವಿದ, ವಿರುದ್ಧ ದಿಕ್ಕಿಗೆ ಕಂಡರೆ ಎಡಮಿದುಳಿನ ಲೆಕ್ಕಿಗ ಎಂಬ ಒಕ್ಕಣೆಯನ್ನು ಆಮೇಲೆ ಮಾಧ್ಯಮದವರು ಸೇರಿಸಿದರು.

ನಡೆಯುವುದು ಇಷ್ಟೇ. ಅದು ಬರೀ ನೆರಳು. ಯಾವ ಕಾಲು ಮುಂದಿದೆ, ಯಾವುದು ಹಿಂದಿದೆ ಎಂದು ಹೇಳುವ ಗುರುತೇ ಅದರಲ್ಲಿಲ್ಲ. ಎರಡು ದಿಕ್ಕೂ ಸಮಾನ ಸರಿ, ಕಣ್ಣು ಯಾವುದೋ ಒಂದನ್ನು ಹಿಡಿದುಕೊಳ್ಳುತ್ತದೆ. ಅಂಗೈಯಿಂದ ಮೇಲ್ಭಾಗವನ್ನು ಮುಚ್ಚಿ ಪಾದವನ್ನಷ್ಟೇ ನೋಡುತ್ತಾ ಕೂರಿ, ಸ್ವಲ್ಪ ಹೊತ್ತಿಗೆ ದಿಕ್ಕು ತಟ್ಟನೆ ಬದಲಾಗುವ ಸಾಧ್ಯತೆ ಇದೆ. ಲೆಕ್ಕಿಗ ಅರೆ ನಿಮಿಷದಲ್ಲಿ ಕಲಾವಿದನಾಗುವುದಾದರೆ ಫೈನ್ ಆರ್ಟ್ಸ್ ಕಾಲೇಜುಗಳೆಲ್ಲ ಬಾಗಿಲು ಹಾಕಬೇಕು.

ಎಡ-ಬಲದ ಕಥೆಗೆ ಮೂಲವೇ ಇಲ್ಲ ಅಂತಲ್ಲ. ಅಪಸ್ಮಾರದ ಚಿಕಿತ್ಸೆಗಾಗಿ ಮಿದುಳಿನ ಎರಡು ಅರ್ಧಗಳ ನಡುವಿನ ಸೇತುವೆಯನ್ನು ಕತ್ತರಿಸಿದ್ದ ರೋಗಿಗಳನ್ನು ರೋಜರ್ ಸ್ಪೆರಿ ಅಧ್ಯಯನ ಮಾಡಿದರು, ಅದಕ್ಕೆ 1981ರಲ್ಲಿ ನೊಬೆಲ್ ಬಂತು. ಹೆಚ್ಚಿನವರಲ್ಲಿ ಮಾತಿನ ಕೆಲಸ ಎಡಕ್ಕೆ ವಾಲಿರುವುದೂ ಸತ್ಯ. ಆದರೆ ಒಂದೊಂದು ಕೆಲಸ ಒಂದೊಂದು ಕಡೆ ವಾಲುವುದು ಬೇರೆ, ಒಬ್ಬ ಮನುಷ್ಯನೇ ಇಡಿಯಾಗಿ ಒಂದು ಕಡೆಯವನಾಗುವುದು ಬೇರೆ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದವರು 2013ರಲ್ಲಿ 1,011 ಜನರ ಸ್ಕ್ಯಾನ್ ಪರಿಶೀಲಿಸಿದಾಗ ಇಂಥ ಎಡಪಂಥೀಯ-ಬಲಪಂಥೀಯ ಮಿದುಳುಗಳು ಸಿಗಲಿಲ್ಲ. ಟೈಮ್‌ಶೀಟನ್ನು ಎರಡೂ ಅರ್ಧಗಳು ಸೇರಿ ತುಂಬಬೇಕು.

"ಚೌಕದಾಚೆ ಯೋಚಿಸಿ"

ಮೂರು ಸಾಲು, ಸಾಲಿಗೆ ಮೂರು ಚುಕ್ಕಿ. ಪೆನ್ನು ಎತ್ತದೆ ನಾಲ್ಕು ನೇರ ಗೆರೆಗಳಲ್ಲಿ ಒಂಬತ್ತನ್ನೂ ಮುಟ್ಟಬೇಕು. ಎರಡು ದಿನದ ಟ್ರೈನಿಂಗ್ ಅಂದರೆ ಮೊದಲ ದಿನ ಊಟಕ್ಕೆ ಮುಂಚೆ ಇದು ಬಂದೇ ಬರುತ್ತದೆ. ಎಲ್ಲರೂ ತಲೆ ಕೆರೆದುಕೊಂಡಾದ ಮೇಲೆ ತರಬೇತುದಾರರು ಗೆರೆಯನ್ನು ಚುಕ್ಕಿಗಳ ಚೌಕದಿಂದ ಹೊರಗೆ ಎಳೆದು ತೋರಿಸಿ, "ನೋಡಿದಿರಾ, ನಿಮ್ಮನ್ನು ಕಟ್ಟಿಹಾಕಿದ್ದು ನೀವೇ ಹಾಕಿಕೊಂಡ ಬೇಲಿ" ಅನ್ನುತ್ತಾರೆ. ಚಪ್ಪಾಳೆ. ಆಮೇಲೆ ಊಟ.

ಒಗಟು ಹಳೆಯದು. ಅಮೆರಿಕದ ಒಗಟುಗಾರ ಸ್ಯಾಮ್ ಲಾಯ್ಡ್‌ನ 1914ರ ಸಂಪುಟದಲ್ಲೇ ಇದೆ. ತಮಾಷೆಯೆಂದರೆ, ಬೇಲಿ ಕಿತ್ತರೆ ಸಾಕು, ಉತ್ತರ ತಾನಾಗಿ ಹೊಳೆಯುತ್ತದೆ ಎಂಬ ಪಾಠವನ್ನು ಮನಶ್ಶಾಸ್ತ್ರಜ್ಞರು ಪ್ರಯೋಗ ಮಾಡಿಯೇ ನೋಡಿದ್ದಾರೆ. 1969ರಲ್ಲಿ ಬರ್ನ್‌ಹ್ಯಾಮ್ ಮತ್ತು ಡೇವಿಸ್, 1981ರಲ್ಲಿ ವೈಸ್‌ಬರ್ಗ್ ಮತ್ತು ಆಲ್ಬಾ. ಗೆರೆ ಚೌಕದ ಹೊರಗೆ ಹೋಗಬೇಕು ಎಂದು ಮೊದಲೇ ಬಾಯಿಬಿಟ್ಟು ಹೇಳಿದರೂ ಬಹುಪಾಲು ಜನಕ್ಕೆ ಉತ್ತರ ಸಿಗಲಿಲ್ಲ. ಹೊರಗೆ ಹೋಗಬಹುದು ಅಂತ ಗೊತ್ತಾಯಿತು, ಸರಿ. ಎಲ್ಲಿಂದ ಹೊರಡಬೇಕು, ಎಷ್ಟು ದೂರ ಹೋಗಬೇಕು, ಯಾವ ಕೋನದಲ್ಲಿ ತಿರುಗಬೇಕು? ಆ ಗೊಂದಲ ಹಾಗೇ ಉಳಿಯಿತು. ನಿಜಕ್ಕೂ ಅನುಕೂಲವಾದದ್ದು ಅಂಥದೇ ಸಣ್ಣಪುಟ್ಟ ಚುಕ್ಕಿ ಒಗಟುಗಳಲ್ಲಿ ಕೈ ಪಳಗಿಸಿಕೊಂಡದ್ದು, ಅಥವಾ ಮೊದಲ ಗೆರೆಯನ್ನು ಯಾರಾದರೂ ಎಳೆದುಕೊಟ್ಟದ್ದು.

ಆಫೀಸಿಗೆ ಅನ್ವಯಿಸಿದರೆ ಇದರಿಂದ ಪೋಸ್ಟರ್ ಆಗುವುದಿಲ್ಲ. "ಹೊಸದಾಗಿ ಯೋಚಿಸಿ" ಅನ್ನುವುದು ಸುಲಭ, ಮೊದಲ ಗೆರೆ ಎಳೆದುಕೊಡುವ ಮ್ಯಾನೇಜರು ಅಪರೂಪ. ಪ್ರತಿ ಬೆಳಗ್ಗೆ ಬಾಗಿಲ ಮುಂದೆ ಚುಕ್ಕಿಯಿಟ್ಟು, ಅದರ ಸುತ್ತ ಎಳೆ ಸುತ್ತಿ, ಕೊನೆಯ ಚುಕ್ಕಿಯ ಆಚೆಗೂ ಬಳಸಿಕೊಂಡು ಬರುವ ನಮ್ಮ ಹೆಂಗಸರನ್ನು ಈ ಪ್ರಯೋಗಕ್ಕೆ ಕೂರಿಸಿದ್ದರೆ ಏನಾಗುತ್ತಿತ್ತೋ ಎಂಬ ಕುತೂಹಲ ನನಗಿದೆ.

"ಅಕ್ಷರ ಹೇಗಿದ್ದರೂ ಓದಬಹುದು, ಕೇಂಬ್ರಿಜ್ ಹೇಳಿದೆ"

ಪದದ ಮೊದಲ ಮತ್ತು ಕೊನೆಯ ಅಕ್ಷರ ಸರಿಯಾಗಿದ್ದರೆ ಸಾಕು, ನಡುವಿನವು ಹೇಗೆ ಕಲಸಿಹೋದರೂ ಮಿದುಳು ಓದಿಕೊಳ್ಳುತ್ತದೆ ಎಂಬ ಇಂಗ್ಲಿಷ್ ಸಂದೇಶ 2003ರಿಂದ ಸುತ್ತುತ್ತಿದೆ. ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧನೆ ಎಂಬ ಮುದ್ರೆಯೂ ಅದರ ಮೇಲಿದೆ. ಕೇಂಬ್ರಿಜ್‌ನಲ್ಲೇ ಭಾಷೆ ಮತ್ತು ಮಿದುಳಿನ ಮೇಲೆ ಕೆಲಸ ಮಾಡುವ ಮ್ಯಾಟ್ ಡೇವಿಸ್‌ಗೆ ಆಶ್ಚರ್ಯ, ತಮ್ಮ ಊರಿನಲ್ಲಿ ಇಂಥದ್ದು ನಡೆದದ್ದು ತಮಗೇ ಗೊತ್ತಿಲ್ಲವಲ್ಲ! ಹುಡುಕಿದರೆ ಅಲ್ಲಿ ಅಂಥ ಸಂಶೋಧನೆಯೇ ಇರಲಿಲ್ಲ. ಸ್ವಲ್ಪ ಹತ್ತಿರದ್ದು ಅಂದರೆ ಗ್ರಹಾಂ ರಾಲಿನ್‌ಸನ್ ಎಂಬವರು 1976ರಲ್ಲಿ ನಾಟಿಂಗ್‌ಹ್ಯಾಮ್‌ನಲ್ಲಿ ಬರೆದ ಪಿಎಚ್‌.ಡಿ. ಪ್ರಬಂಧ.

ಆ ಸಂದೇಶ ಓದಲು ಸುಲಭವಾಗುವುದಕ್ಕೆ ಬೇರೆ ಕಾರಣಗಳಿವೆ. ಇಂಗ್ಲಿಷಿನಲ್ಲಿ ಎರಡು-ಮೂರು ಅಕ್ಷರದ ಪುಟ್ಟ ಪದಗಳು ಧಾರಾಳ. ಮೊದಲ-ಕೊನೆಯದನ್ನು ಬಿಟ್ಟರೆ ಅವುಗಳಲ್ಲಿ ಕಲಸುವುದಕ್ಕೆ ಏನೂ ಉಳಿಯುವುದಿಲ್ಲ. ಉಳಿದ ಪದಗಳಲ್ಲೂ ಬಹಳಷ್ಟು ಕಡೆ ಪಕ್ಕಪಕ್ಕದ ಅಕ್ಷರಗಳಷ್ಟೇ ಜಾಗ ಬದಲಿಸಿರುತ್ತವೆ.

ಕನ್ನಡದಲ್ಲಿ ಮಾಡಿ ನೋಡಿ. "ಬೆಂಳೂಗರು" ಅಂತ ಬರೆದರೆ ಯಾರಾದರೂ ಓದುತ್ತಾರೆ. "ಕಲೆಡಕಾಯಿ" ಕೂಡ ಪರವಾಗಿಲ್ಲ, ಬಾಯಿಗೆ ಹಾಕಿಕೊಳ್ಳಬಹುದು. ಅದನ್ನೇ "ಕಕಾಲೆಡಯಿ" ಮಾಡಿದರೆ ಬಸವನಗುಡಿಯ ಪರಿಷೆಯಲ್ಲೂ ಯಾರೂ ಕೊಳ್ಳುವುದಿಲ್ಲ. ನಮ್ಮಲ್ಲಿ ವಿಭಕ್ತಿ, ಬಹುವಚನ, ಅವಧಾರಣೆ ಎಲ್ಲ ಪದದ ಬಾಲಕ್ಕೇ ಅಂಟಿಕೊಂಡು ಬರುವುದರಿಂದ ಪದಗಳು ಉದ್ದವಾಗುತ್ತವೆ, ಕಲಸಲು ಜಾಗವೂ ಹೆಚ್ಚುತ್ತದೆ. "ಅಳಿಂರಿದಧಿಗಕಾಲೇ" ಏನೆಂದು ಹೇಳಿ ನೋಡೋಣ. ಮೊದಲಕ್ಷರ, ಕೊನೆಯಕ್ಷರ ಎರಡೂ ಸರಿಯಾಗಿವೆ. ಅದು "ಅಧಿಕಾರಿಗಳಿಂದಲೇ".

"ಸುಡೊಕು ಜಪಾನಿನ ಗಣಿತ, ಮರೆವಿಗೆ ಮದ್ದು"

ಒಂದೇ ವಾಕ್ಯದಲ್ಲಿ ಮೂರು ತಪ್ಪು. ಇಂದಿನ ರೂಪದ ಈ ಒಗಟನ್ನು ಕಟ್ಟಿದವರು ಅಮೆರಿಕದ ನಿವೃತ್ತ ವಾಸ್ತುಶಿಲ್ಪಿ ಹೊವಾರ್ಡ್ ಗಾರ್ನ್ಸ್ ಎಂದು ಒಗಟಿನ ಇತಿಹಾಸಕಾರರು ಗುರುತಿಸಿದ್ದಾರೆ. 1979ರಲ್ಲಿ ಡೆಲ್ ಸಂಸ್ಥೆಯ ಪತ್ರಿಕೆಯಲ್ಲಿ 'ನಂಬರ್ ಪ್ಲೇಸ್' ಎಂಬ ಹೆಸರಿನಲ್ಲಿ ಅದು ಬಂತು. 1984ರಲ್ಲಿ ಜಪಾನಿನ ನಿಕೋಲಿ ಸಂಸ್ಥೆ ಅದನ್ನು ಅಲ್ಲಿನವರಿಗೆ ಪರಿಚಯಿಸಿತು, ಅದರ ಮಾಕಿ ಕಾಜಿ ಜಪಾನಿ ಹೆಸರು ಕೊಟ್ಟರು. ಹಾಂಕಾಂಗ್‌ನಲ್ಲಿ ನ್ಯಾಯಾಧೀಶರಾಗಿದ್ದು ನಿವೃತ್ತರಾದ ನ್ಯೂಜಿಲೆಂಡಿನ ವೇಯ್ನ್ ಗೌಲ್ಡ್ ಅದಕ್ಕೊಂದು ಕಂಪ್ಯೂಟರ್ ಪ್ರೋಗ್ರಾಂ ಬರೆದು 2004ರ ನವೆಂಬರ್‌ನಲ್ಲಿ ಲಂಡನ್ನಿನ 'ದಿ ಟೈಮ್ಸ್'ಗೆ ಒಪ್ಪಿಸಿದ ಮೇಲೆ ಲೋಕಕ್ಕೆಲ್ಲ ಹುಚ್ಚು ಹಿಡಿಯಿತು. ಗಾರ್ನ್ಸ್ 1989ರಲ್ಲೇ ತೀರಿಕೊಂಡಿದ್ದರು, ತಮ್ಮ ಆಟದ ಈ ವೈಭವವನ್ನು ನೋಡಲೇ ಇಲ್ಲ.

ಗಣಿತವಂತೂ ಅಲ್ಲ. ಕೂಡುವುದಿಲ್ಲ, ಕಳೆಯುವುದಿಲ್ಲ. 1ರಿಂದ 9ರ ಬದಲು ಕ, ಖ, ಗ, ಘ, ಚ, ಛ, ಜ, ಝ, ಟ ಹಾಕಿದರೂ ಆಟ ಒಂದಿಷ್ಟೂ ಬದಲಾಗದು. ಲೆಕ್ಕದಲ್ಲಿ ಪೆಟ್ಟು ತಿಂದವರು ನಿರ್ಭಯವಾಗಿ ಆಡಬಹುದು. ಗಣಿತಜ್ಞರು ಅದರ ಬೆನ್ನು ಹತ್ತಿರುವುದು ನಿಜ. ಒಂದೇ ಉತ್ತರ ಬರಬೇಕಾದರೆ ಕನಿಷ್ಠ 17 ಅಂಕಿಗಳನ್ನಾದರೂ ಮೊದಲೇ ಕೊಟ್ಟಿರಬೇಕು ಎಂದು ಡಬ್ಲಿನ್ನಿನ ಗ್ಯಾರಿ ಮೆಕ್‌ಗ್ವಾಯರ್ ತಂಡ 2012ರಲ್ಲಿ ಕಂಪ್ಯೂಟರ್ ದುಡಿಸಿ ತೋರಿಸಿತು.

ಇನ್ನು ಲಸಿಕೆಯ ವಿಚಾರ. ಮಿದುಳಿನ ವ್ಯಾಯಾಮವೆಂದು ಮಾರಾಟವಾಗುವ ಆಟಗಳನ್ನು 11,430 ಜನಕ್ಕೆ ಆರು ವಾರ ಆಡಿಸಿ ಏಡ್ರಿಯನ್ ಓವೆನ್ ತಂಡ 2010ರಲ್ಲಿ 'ನೇಚರ್' ಪತ್ರಿಕೆಯಲ್ಲಿ ವರದಿ ಮಾಡಿತು. ಯಾವ ಆಟ ಆಡಿದರೋ ಆ ಆಟದಲ್ಲಿ ಸುಧಾರಿಸಿದರು, ಬೇರೆ ಕೆಲಸಗಳಿಗೆ ಆ ಚುರುಕು ಹರಿಯಲಿಲ್ಲ. ಸ್ಕಾಟ್ಲೆಂಡಿನ ಆಬರ್ಡೀನ್‌ನಲ್ಲಿ 1936ರಲ್ಲಿ ಹುಟ್ಟಿದ 498 ಜನರನ್ನು ವರ್ಷಗಟ್ಟಲೆ ಗಮನಿಸಿದ 2018ರ ಅಧ್ಯಯನ ಇನ್ನೂ ಸ್ವಾರಸ್ಯದ್ದು. ಒಗಟು ಬಿಡಿಸುವ ಅಭ್ಯಾಸವಿದ್ದವರ ಇಳಿಮುಖ ನಿಧಾನವಾಗಲಿಲ್ಲ, ಆದರೆ ಅವರು ಇಳಿಯಲು ಶುರುಮಾಡಿದ್ದು ತುಸು ಮೇಲಿನ ಮೆಟ್ಟಿಲಿನಿಂದ. ಆಟಗಳು ಮರೆವನ್ನು ತಡೆಯುತ್ತವೆಂದು ಜಾಹೀರಾತು ಮಾಡಿದ ಲುಮಾಸಿಟಿ ಕಂಪನಿ 2016ರಲ್ಲಿ ಅಮೆರಿಕದ ವ್ಯಾಪಾರ ಆಯೋಗಕ್ಕೆ 20 ಲಕ್ಷ ಡಾಲರ್ ತೆತ್ತು ರಾಜಿಯಾಯಿತು.

ಹಾಗಂತ ಪೆನ್ನು ಬಿಸಾಡಬೇಕಿಲ್ಲ. ಸೌಮ್ಯ ಮರೆವು ಶುರುವಾಗಿದ್ದ 107 ಜನರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಕಂಪ್ಯೂಟರ್ ಆಟಗಳಿಗಿಂತ ಪದಬಂಧವೇ ಮೇಲುಗೈ ಸಾಧಿಸಿತು. ಸಣ್ಣ ಪ್ರಯೋಗ ಅದು, ಏನೂ ಆಡದವರ ಗುಂಪನ್ನು ಅದರಲ್ಲಿ ಹೋಲಿಸಿರಲಿಲ್ಲ. ಆದರೂ ಅ.ನಾ. ಪ್ರಹ್ಲಾದರಾವ್ ಅವರ ಪದಬಂಧಗಳನ್ನು ಪತ್ರಿಕೆಗಳಲ್ಲಿ ತುಂಬುತ್ತಾ ಬಂದ ಕನ್ನಡದ ಓದುಗರಿಗೆ ಇದು ಖುಷಿಯ ಸುದ್ದಿಯೇ. ಅಕೌಂಟ್ಸ್‌ನ ಹಿರಿಯರಿಗೆ ಮಾತ್ರ ನಾನಿದನ್ನು ಹೇಳಿಲ್ಲ. ಹೇಳಿದರೆ ಸುಡೊಕು ಬಿಟ್ಟು, "ಎಡದಿಂದ ಬಲಕ್ಕೆ ಐದಕ್ಷರ, ಹೇಳಿ" ಎಂದು ಎಲ್ಲರ ಕೆಲಸ ಕೆಡಿಸುತ್ತಾರೆ.

"ಕೀಬೋರ್ಡ್ ಮಾಡಿದ್ದೇ ನಿಧಾನಿಸಲು"

ಕ್ವರ್ಟಿ ವಿನ್ಯಾಸವನ್ನು ಟೈಪಿಸ್ಟರ ವೇಗ ತಗ್ಗಿಸಲೆಂದೇ ಮಾಡಿದ್ದು ಎಂದು ಐಟಿಯವರು ಹೇಳುತ್ತಾರೆ. ಹಳೆಯ ಟೈಪ್‌ರೈಟರಿನಲ್ಲಿ ಅಚ್ಚಿನ ಕಡ್ಡಿಗಳು ಒಂದಕ್ಕೊಂದು ಸಿಕ್ಕಿಕೊಳ್ಳುತ್ತಿದ್ದವು, ಜೊತೆಯಾಗಿ ಬರುವ ಅಕ್ಷರಗಳನ್ನು ದೂರ ಇಟ್ಟರು ಎಂಬುದು ಇದೇ ಕಥೆಯ ಸ್ವಲ್ಪ ಸಭ್ಯ ರೂಪ. ಹಾಗಿದ್ದರೆ ಇಂಗ್ಲಿಷಿನಲ್ಲಿ ಅತಿ ಹೆಚ್ಚು ಜೊತೆಯಾಗಿ ಬರುವ ಜೋಡಿಗಳಲ್ಲಿ ಒಂದಾದ ಇ ಮತ್ತು ಆರ್ ಪಕ್ಕಪಕ್ಕ ಯಾಕಿವೆ? ಕ್ಯೋಟೊದ ಯಾಸುವೋಕಾ ದಂಪತಿ 2011ರ ಪ್ರಬಂಧದಲ್ಲಿ, ಈ ಯಂತ್ರದ ಮೊದಮೊದಲ ಬಳಕೆದಾರರಾದ ಟೆಲಿಗ್ರಾಫ್ ನೌಕರರ ಅನುಕೂಲಕ್ಕೆ ತಕ್ಕಂತೆ ಕೀಲಿಗಳು ಜಾಗ ಬದಲಿಸುತ್ತಾ ಹೋದವು ಎಂದು ವಾದಿಸಿದ್ದಾರೆ. ಅದೂ ಕೊನೆಯ ಮಾತಲ್ಲ. ಮಧ್ಯದ ಸಾಲಿನಲ್ಲಿ ಡಿ, ಎಫ್, ಜಿ, ಎಚ್, ಜೆ, ಕೆ, ಎಲ್ ಕ್ರಮವಾಗಿ ಉಳಿದಿರುವುದನ್ನು ನೋಡಿದರೆ, ಮೊದಲು ಎಬಿಸಿಡಿ ಸಾಲಿನಲ್ಲೇ ಶುರುವಾಗಿದ್ದು ಗೊತ್ತಾಗುತ್ತದೆ.

ನಾವಂತೂ ಆ ಇಂಗ್ಲಿಷ್ ಹಲಗೆಯ ಮೇಲೆಯೇ ಕೆ.ಪಿ. ರಾವ್ ಅವರ ವಿನ್ಯಾಸ ಹೊಂದಿಸಿಕೊಂಡು ನೆಮ್ಮದಿಯಾಗಿದ್ದೇವೆ. ಕೆ, ಎಫ್, ಕೆ ಒತ್ತಿದರೆ "ಕ್ಕ". ಕನ್ನಡದಲ್ಲಿ ಒತ್ತಕ್ಷರಕ್ಕೆ ಪದೇಪದೇ ಬೇಕಾಗುವ ಎಫ್ ಕೀಲಿ ಎಡಗೈ ತೋರುಬೆರಳಿನ ಅಡಿಯಲ್ಲೇ ಇದೆ. ನಿಧಾನಿಸುವ ಹುನ್ನಾರ ಇಲ್ಲಂತೂ ಕಾಣದು.

"ನಮ್ಮ ಗಮನ ಗೋಲ್ಡ್‌ಫಿಶ್‌ಗಿಂತ ಕಮ್ಮಿ"

ಮನುಷ್ಯನಿಗೆ 8 ಸೆಕೆಂಡು, ಮೀನಿಗೆ 9. ಮಾರ್ಕೆಟಿಂಗ್‌ನವರ ಪ್ರತಿ ಪ್ರೆಸೆಂಟೇಷನ್ನಿನ ಎರಡನೆಯ ಸ್ಲೈಡು. ಮೈಕ್ರೋಸಾಫ್ಟ್‌ನ ಕೆನಡಾ ವಿಭಾಗದ 2015ರ ವರದಿಯಲ್ಲಿ ಈ ಅಂಕಿ ಇದೆ, ಆದರೆ ಅದು ಅವರ ಸಂಶೋಧನೆಯದಲ್ಲ, ಬೇರೊಂದು ಅಂಕಿಅಂಶದ ಜಾಲತಾಣದಿಂದ ಎತ್ತಿಕೊಂಡದ್ದು. ಅಲ್ಲಿಗೂ ಅದು ಎಲ್ಲಿಂದ ಬಂತೆಂದು ಬಿಬಿಸಿ ಹುಡುಕಿದಾಗ ಬುಡ ಸಿಗಲಿಲ್ಲ. ಮೀನಿಗೂ ಇದು ಅವಮಾನ. ತರಬೇತಿ ಕೊಟ್ಟರೆ ಗೋಲ್ಡ್‌ಫಿಶ್ ತಿಂಗಳುಗಟ್ಟಲೆ ನೆನಪಿಟ್ಟುಕೊಳ್ಳುತ್ತದೆ.

"ಮೀಟಿಂಗಿನಲ್ಲಿ ಗೀಚುವವರು ಕೇಳಿಸಿಕೊಳ್ಳುವುದಿಲ್ಲ"

ಇದೊಂದು ಕಡೆ ಗೀಚುವವರ ಪರ ಸ್ವಲ್ಪ ಪುರಾವೆ ಇದೆ. ಬ್ರಿಟನ್ನಿನ ಪ್ಲಿಮತ್ ವಿಶ್ವವಿದ್ಯಾಲಯದ ಜಾಕಿ ಆಂಡ್ರೇಡ್ 40 ಜನರಿಗೆ ಎರಡೂವರೆ ನಿಮಿಷದ ಮಹಾ ಬೋರಿನ ಫೋನ್ ಸಂದೇಶ ಕೇಳಿಸಿದರು. ಯಾರದೋ ಪಾರ್ಟಿಗೆ ಯಾರ್ಯಾರು ಬರುತ್ತಾರೆ ಎಂಬ ವರದಿ ಅದು. ಅರ್ಧ ಜನ ಕೇಳುತ್ತಾ ಕಾಗದದ ಮೇಲಿನ ಪುಟ್ಟ ಆಕಾರಗಳಿಗೆ ಪೆನ್ಸಿಲಿನಿಂದ ಬಣ್ಣ ತುಂಬಿದರು, ಉಳಿದವರು ಸುಮ್ಮನೆ ಕೇಳಿದರು. ಆಮೇಲೆ ಏಕಾಏಕಿ ಪರೀಕ್ಷೆ. ಸುಮ್ಮನೆ ಕೇಳಿದವರಿಗೆ ವ್ಯಕ್ತಿಗಳ, ಸ್ಥಳಗಳ ಹೆಸರು ಸೇರಿ ಸರಾಸರಿ 5.8 ನೆನಪಿತ್ತು, ತುಂಬುತ್ತಿದ್ದವರಿಗೆ 7.5. ಶೇಕಡಾ 29ರಷ್ಟು ಹೆಚ್ಚು. ಬೇಸರದಲ್ಲಿ ಮನಸ್ಸು ಹಗಲುಗನಸಿಗೆ ಜಾರುವುದನ್ನು ಕೈಕೆಲಸ ತಡೆದಿರಬಹುದು ಎಂಬುದು ಅವರ ಊಹೆ.

ಮುಂದಿನ ಮೀಟಿಂಗಿಗೆ ಇದನ್ನು ಪ್ರಿಂಟ್ ಹಾಕಿಸಿಕೊಂಡು ಹೋಗುವವರು ಒಂದು ವಿಷಯ ಗಮನಿಸಬೇಕು. ಪ್ರಯೋಗದಲ್ಲಿದ್ದದ್ದು ಚೌಕ, ವೃತ್ತಗಳಿಗೆ ಪೆನ್ಸಿಲ್ ಆಡಿಸುವ ಮಂದ ಕೆಲಸ. ಎದುರು ಕೂತ ಮ್ಯಾನೇಜರರನ್ನು ಮೀಸೆ, ಬೋಳುತಲೆ ಸಮೇತ ಬರೆದು ಪಕ್ಕದವರಿಗೆ ದಾಟಿಸಿದರೆ ಎಷ್ಟು ನೆನಪಿರುತ್ತದೆ ಎಂಬುದನ್ನು ಆಂಡ್ರೇಡ್ ಪರೀಕ್ಷಿಸಿಲ್ಲ.